ಅಮೆರಿಕದ ಮೇಷ್ಟರುಗಳು ಏನನ್ನು ಹುಡುಕುತ್ತಿದ್ದಾರೆ?

ಕರ್ನಾಟಕದಿಂದ ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆ ಕೇಳುತ್ತವೆ. ಇತಿಹಾಸವನ್ನೋ ಕನ್ನಡವನ್ನೋ ಸಮಾಜಶಾಸ್ತ್ರವನ್ನೋ ಓದಿದವರು ಅಮೆರಿಕದಲ್ಲಿ ಪಿಎಚ್.ಡಿ. ಮಾಡಬೇಕೆಂದರೆ ಯಾವ ವಿಶ್ವವಿದ್ಯಾಲಯ ಒಳ್ಳೆಯದು? ಇಲ್ಲಿನ ರಾಜ್ಯ ವಿಶ್ವವಿದ್ಯಾಲಯವೊಂದರ ಇತಿಹಾಸ ವಿಭಾಗದಲ್ಲಿ ಪಾಠ ಹೇಳುತ್ತಿರುವವನಾಗಿ ನಾನು ಎಲ್ಲರಿಗೂ ಬರೆಯುವ ಉತ್ತರ ಹೀಗಿರುತ್ತದೆ: ವಿಶ್ವವಿದ್ಯಾಲಯದ ಹೆಸರನ್ನು ಸದ್ಯಕ್ಕೆ ಬದಿಗಿಡಿ. ಅಲ್ಲಿರುವ ಅಧ್ಯಾಪಕರು ಏನನ್ನು ಹುಡುಕುತ್ತಿದ್ದಾರೆ ಎಂಬುದನ್ನು ಮೊದಲು ತಿಳಿದುಕೊಳ್ಳಿ.

ಇಂಥದ್ದೊಂದು ಉತ್ತರವನ್ನು ಪತ್ರದ ನಾಲ್ಕು ಸಾಲುಗಳಲ್ಲಿ ಮುಗಿಸಲು ಆಗುವುದಿಲ್ಲ. ಅದಕ್ಕೇ ಇಲ್ಲಿ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಇಲ್ಲಿ ಲಿಬರಲ್ ಆರ್ಟ್ಸ್ ಎಂದು ಕರೆಯುವ ಕೂಟದಲ್ಲಿ ತತ್ತ್ವಶಾಸ್ತ್ರ, ಇತಿಹಾಸ, ಸಾಹಿತ್ಯ, ಭಾಷಾವಿಜ್ಞಾನ, ಮಾನವಶಾಸ್ತ್ರ, ರಾಜ್ಯಶಾಸ್ತ್ರ, ಧರ್ಮಾಧ್ಯಯನ, ಕಲೆಯ ಇತಿಹಾಸ ಎಲ್ಲವೂ ಸೇರುತ್ತವೆ. ಸಣ್ಣ ಕಾಲೇಜುಗಳಲ್ಲಿ ಗಣಿತ, ಭೌತವಿಜ್ಞಾನಗಳೂ ಇದೇ ಸೂರಿನಡಿ ಇರುತ್ತವೆ. ಮಧ್ಯಯುಗದ ಯೂರೋಪು ಎಣಿಸಿಕೊಂಡಿದ್ದ ಏಳು ವಿದ್ಯೆಗಳಲ್ಲಿ ವ್ಯಾಕರಣ, ತರ್ಕ, ವಾಕ್ಕಲೆಗಳ ಜೊತೆಗೆ ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳವೂ ಇದ್ದುವಲ್ಲ, ಆ ಹಳೆಯ ನಂಟು ಇನ್ನೂ ಉಳಿದಿದೆ.

ಈ ವಿಭಾಗಗಳ ಪ್ರತಿಯೊಬ್ಬ ಅಧ್ಯಾಪಕರ ಪರಿಚಯದ ಪುಟದಲ್ಲಿಯೂ ಹೆಸರು, ಪದವಿಗಳ ಕೆಳಗೆ ‘ಸಂಶೋಧನಾ ಆಸಕ್ತಿ’ ಎಂಬ ಸಾಲೊಂದು ಇರುತ್ತದೆ. ನಮ್ಮ ಕಡೆಯವರು ಸಾಮಾನ್ಯವಾಗಿ ಪದವಿಗಳನ್ನು ಓದಿ ಈ ಸಾಲನ್ನು ಹಾರಿಸಿಬಿಡುತ್ತಾರೆ. ಇಲ್ಲಿಯವರು ಓದುವುದು ಅದನ್ನೇ. ಸಮ್ಮೇಳನದ ಊಟದ ಸಾಲಿನಲ್ಲಿ ಅಪರಿಚಿತರು ಪಕ್ಕಕ್ಕೆ ಬಂದು ನಿಂತರೆ ಅವರ ಮೊದಲ ಪ್ರಶ್ನೆ ‘ನೀವು ಯಾವುದರ ಮೇಲೆ ಕೆಲಸ ಮಾಡುತ್ತಿದ್ದೀರಿ?’ ಎಂದು. ಹುದ್ದೆಯ ವಿಚಾರ ಆಮೇಲೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಬಂದ ಹೊಸತರಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸಿದ್ದು ಈ ರೂಢಿ. ಇಂದಿಗೂ ಈ ದೇಶದ ವಿದ್ವತ್ ಲೋಕದಲ್ಲಿ ನನಗೆ ತುಂಬ ಇಷ್ಟವಾದ ಗುಣ ಇದೇ.

ಆ ಸಾಲಿನಲ್ಲಿ ಇರುವ ವಿಷಯಗಳು ಮೊದಲ ನೋಟಕ್ಕೆ ವಿಪರೀತ ಸಣ್ಣವಾಗಿ ಕಾಣುತ್ತವೆ. ಕರ್ನಾಟಕಕ್ಕೆ ಸಂಬಂಧಿಸಿದ ಉದಾಹರಣೆಗಳನ್ನೇ ಕೊಡುತ್ತೇನೆ. ಕನೆಕ್ಟಿಕಟ್ ರಾಜ್ಯದ ವೆಸ್ಲಿಯನ್ ವಿಶ್ವವಿದ್ಯಾಲಯ ಹೆಸರಿನಲ್ಲಿ ವಿಶ್ವವಿದ್ಯಾಲಯವಾದರೂ ಸ್ವಭಾವದಲ್ಲಿ ಲಿಬರಲ್ ಆರ್ಟ್ಸ್ ಕಾಲೇಜು. ಅಲ್ಲಿ ಕಲೆಯ ಇತಿಹಾಸ ಕಲಿಸಿದ ಫಿಲಿಪ್ ವ್ಯಾಗನರ್ ಅವರು 1996ರಲ್ಲಿ ಪ್ರಕಟಿಸಿದ ಲೇಖನವೊಂದರ ವಸ್ತು ವಿಜಯನಗರದ ಆಸ್ಥಾನದ ಉಡುಗೆ. ಅರಸರೂ ಅಧಿಕಾರಿಗಳೂ ತೊಡುತ್ತಿದ್ದ ಕಬಾಯಿ ಎಂಬ ಉದ್ದನೆಯ ನಿಲುವಂಗಿ, ತಲೆಯ ಮೇಲಿನ ಕುಲ್ಲಾಯಿ ಎಂಬ ಎತ್ತರದ ಟೊಪ್ಪಿಗೆ, ಇಷ್ಟೇ. ಒಂದು ಅಂಗಿಯ ಬಗ್ಗೆ ಇಷ್ಟೊಂದು ಬರೆಯಲು ಏನಿದೆ ಎಂದು ಕೇಳಬಹುದು. ಬುಕ್ಕನ ಕಾಲದಿಂದಲೇ ಆ ವಂಶದ ಶಾಸನಗಳಲ್ಲಿ ಕಾಣುವ ‘ಹಿಂದೂರಾಯ ಸುರತ್ರಾಣ’ ಎಂಬ ಬಿರುದನ್ನು, ಅಂದರೆ ಹಿಂದೂ ರಾಯರಲ್ಲಿ ಸುಲ್ತಾನ ಎಂಬುದನ್ನು, ಅವರು ಆ ಅಂಗಿಯ ಪಕ್ಕದಲ್ಲಿ ಇಟ್ಟು ನೋಡಿದರು. ಹಿಂದೂ ರಾಜ್ಯ, ಮುಸ್ಲಿಂ ರಾಜ್ಯ ಎಂದು ಗೋಡೆ ಎಬ್ಬಿಸಿ ನಾವು ಚರಿತ್ರೆ ಓದಿಕೊಂಡು ಬಂದಿದ್ದೇವೆ, ಆದರೆ ದಖ್ಖನಿನ ಅರಸರು ಉಡುಗೆ, ಬಿರುದು, ಸಭಾಮರ್ಯಾದೆಗಳ ಒಂದೇ ಲೋಕದಲ್ಲಿ ಓಡಾಡುತ್ತಿದ್ದರು ಎಂಬುದನ್ನು ಆ ಲೇಖನ ತೋರಿಸಿತು. ನಮ್ಮ ನಾಡಿನ ಬಗ್ಗೆ ಇಂಥ ದೊಡ್ಡ ಮಾತನ್ನು ಅಂಗಿಯೊಂದರ ಮೂಲಕ ಹೇಳಲು ಸಾಧ್ಯವೆಂದು ನಾನು ಎಣಿಸಿರಲಿಲ್ಲ.

ಅದೇ ವಿಜಯನಗರವನ್ನು ಮಾನವಶಾಸ್ತ್ರ ವಿಭಾಗದವರು ನೋಡಿದ ರೀತಿಯೇ ಬೇರೆ. ಅಮೆರಿಕದಲ್ಲಿ ಪುರಾತತ್ತ್ವಶಾಸ್ತ್ರವು ಬಹುತೇಕ ಕಡೆ ಮಾನವಶಾಸ್ತ್ರದ ಒಂದು ಶಾಖೆಯಾಗಿರುತ್ತದೆ. ಇದು ಗೊತ್ತಿಲ್ಲದೆ ಇತಿಹಾಸ ವಿಭಾಗದಲ್ಲಿ ಹುಡುಕಿ ನಿರಾಶರಾಗುವ ನಮ್ಮ ವಿದ್ಯಾರ್ಥಿಗಳು ಬೇಕಾದಷ್ಟಿದ್ದಾರೆ. ಕ್ಯಾಥ್ಲೀನ್ ಮಾರಿಸನ್ ಮತ್ತು ಕಾರ್ಲಾ ಸಿನೊಪೊಲಿ ಎಂಬ ಇಬ್ಬರು ಪುರಾತತ್ತ್ವಜ್ಞೆಯರು ಹಂಪಿಯ ದೇವಾಲಯಗಳನ್ನು ದಾಟಿ, ನಗರದ ಸುತ್ತಲಿನ ಹೊಲ, ಕಾಲುವೆ, ಕೆರೆ, ಕುಂಬಾರಿಕೆಯ ನೆಲೆಗಳನ್ನು ವರ್ಷಗಟ್ಟಲೆ ನಡೆದು ಗುರುತು ಮಾಡಿದರು. ಕೆರೆಯ ಹೂಳಿನಲ್ಲಿ ಸಿಕ್ಕ ಪರಾಗದ ಕಣಗಳಿಂದ ಅಂದಿನ ಗಿಡಮರ, ಬೆಳೆಗಳನ್ನು ಊಹಿಸುವ ಕೆಲಸವನ್ನು ಮಾರಿಸನ್ ಮಾಡಿದ್ದಾರೆ. ಸಾಮ್ರಾಜ್ಯವೊಂದು ತನ್ನ ಜನರಿಗೆ ಹೇಗೆ ಉಣ್ಣಿಸಿತು ಎಂಬುದು ಅವರ ಪ್ರಶ್ನೆ. ವ್ಯಾಗನರ್ ಅವರ ಪ್ರಶ್ನೆಗೂ ಇವರ ಪ್ರಶ್ನೆಗೂ ಊರು ಒಂದೇ, ಉಳಿದದ್ದೆಲ್ಲ ಬೇರೆ. ಹಾಗಾಗಿ ‘ನನಗೆ ವಿಜಯನಗರದಲ್ಲಿ ಆಸಕ್ತಿ ಇದೆ’ ಎಂದಷ್ಟೇ ಬರೆದ ಪತ್ರ ಇಲ್ಲಿ ಯಾರ ಮೇಜಿನ ಮೇಲೂ ನಿಲ್ಲುವುದಿಲ್ಲ.

ಪ್ರಶ್ನೆಯೊಂದು ಊರು ಬಿಟ್ಟು ಊರಿಗೆ ಹೋಗುವುದನ್ನು ನೋಡಬೇಕಾದರೆ ಅರಿಜೋನಾ ವಿಶ್ವವಿದ್ಯಾಲಯದ ಇತಿಹಾಸಕಾರ ರಿಚರ್ಡ್ ಈಟನ್ ಅವರ ಕೆಲಸ ನೋಡಬೇಕು. 1970ರ ದಶಕದಲ್ಲಿ ಅವರು ಬಿಜಾಪುರದ ಸೂಫಿಗಳನ್ನು ಅಧ್ಯಯನ ಮಾಡಿದರು. ದಖ್ಖನಿ ಭಾಷೆಯ ‘ಚಕ್ಕಿನಾಮಾ’ಗಳು, ಅಂದರೆ ಹೆಂಗಸರು ಬೀಸುಕಲ್ಲಿನ ಮುಂದೆ ಕುಳಿತು ಹಾಡುತ್ತಿದ್ದ ಪದಗಳು, ಸೂಫಿ ವಿಚಾರಗಳನ್ನು ಮನೆಮನೆಯೊಳಕ್ಕೆ ಒಯ್ದ ಬಗೆಯನ್ನು ವಿವರಿಸಿದರು. ನಮ್ಮ ಬೀಸುವ ಪದಗಳನ್ನು ಕೇಳಿ ಬೆಳೆದವರಿಗೆ ಇದನ್ನು ಓದುವಾಗ ಆಗುವ ಸಂತೋಷವೇ ಬೇರೆ. ಆಮೇಲೆ ಅವರು ಬಂಗಾಳಕ್ಕೆ ಹೋದರು. ನದಿಗಳು ಪೂರ್ವಕ್ಕೆ ಸರಿದಂತೆ ಕಾಡು ಕಡಿದು ಭತ್ತದ ಗದ್ದೆ ಮಾಡಿದ ಜನರ ನಡುವೆ ಇಸ್ಲಾಂ ಹೇಗೆ ಬೇರೂರಿತು ಎಂದು 1993ರಲ್ಲಿ ಬರೆದರು. ಪ್ರದೇಶ ಬದಲಾಯಿತು, ಆಕರಗಳು ಬದಲಾದವು, ಓದಬೇಕಾದ ಭಾಷೆಗಳೂ ಬದಲಾದವು. ಕತ್ತಿಯ ಕಥೆಯನ್ನು ಬದಿಗಿಟ್ಟು ಧರ್ಮವೊಂದು ಜನರ ದಿನನಿತ್ಯದ ದುಡಿಮೆಯ ಮೂಲಕ ಹರಡುವ ಬಗೆಯನ್ನು ಹುಡುಕುವ ಕುತೂಹಲ ಮಾತ್ರ ಹಾಗೆಯೇ ಇತ್ತು.

ಆಸಕ್ತಿ ಬೇರೆ, ಪರಿಣತಿ ಬೇರೆ. ಪರಿಣತಿ ಎಂದರೆ ನಿಮ್ಮನ್ನು ನಂಬಿ ಇತರರು ಕೇಳಬಹುದಾದದ್ದು: ಪರೀಕ್ಷೆ ಕೊಟ್ಟು, ಪ್ರಬಂಧ ಬರೆದು, ಇತರ ವಿದ್ವಾಂಸರ ಪರಿಶೀಲನೆ ದಾಟಿ ಗಳಿಸಿದ್ದು. ಆಸಕ್ತಿ ಎಂದರೆ ಇನ್ನೂ ಕೈಗೆ ಸಿಗದೆ ಮುಂದೆ ಓಡುತ್ತಿರುವುದು. ಇವೆರಡರ ಸಂಬಂಧಕ್ಕೆ ಎ.ಕೆ. ರಾಮಾನುಜನ್ ಅವರಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1963ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಿಂದ ಅವರು ಪಡೆದ ಪಿಎಚ್.ಡಿ. ಭಾಷಾವಿಜ್ಞಾನದಲ್ಲಿ, ವಸ್ತು ಕನ್ನಡದ ವ್ಯಾಕರಣ. ಕಾಗದದ ಮೇಲೆ ಅವರ ಪರಿಣತಿ ಅದು. ಆದರೆ ಬೆಳಗಾವಿಯಲ್ಲಿ ಮೇಷ್ಟರಾಗಿದ್ದ ದಿನಗಳಿಂದಲೂ ಅವರು ಜನಪದ ಕಥೆಗಳನ್ನು ಸಂಗ್ರಹಿಸುತ್ತಿದ್ದರು. ಷಿಕಾಗೋ ವಿಶ್ವವಿದ್ಯಾಲಯಕ್ಕೆ ಬಂದ ಮೇಲೆ ವಚನಗಳನ್ನು ಇಂಗ್ಲಿಷಿಗೆ ತಂದರು, ಆ ಸಂಕಲನ 1973ರಲ್ಲಿ ಹೊರಬಂತು. ಇಂದು ಅಮೆರಿಕದ ಯಾವುದೋ ಮೂಲೆಯ ಕಾಲೇಜಿನಲ್ಲಿ ಹದಿನೆಂಟರ ಹುಡುಗಿಯೊಬ್ಬಳು ಬಸವಣ್ಣನನ್ನೋ ಅಕ್ಕಮಹಾದೇವಿಯನ್ನೋ ಓದುತ್ತಿದ್ದರೆ, ಬಹಳ ಸಲ ಅದು ರಾಮಾನುಜನ್ ಅವರ ಕೈಯಿಂದ ಬಂದ ಸಾಲೇ ಆಗಿರುತ್ತದೆ. ವ್ಯಾಕರಣದ ಶಿಸ್ತು ಇಲ್ಲದಿದ್ದರೆ ಆ ಅನುವಾದಗಳಿಗೆ ಅಷ್ಟು ಬಿಗಿ ಬರುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ.

ಇವರೆಲ್ಲ ನಮ್ಮವರಿಗಿಂತ ಹೆಚ್ಚು ಜಾಣರು ಎಂದು ಯಾರೂ ತಿಳಿಯಬಾರದು. ಹುಡುಕಾಟಕ್ಕೆ ಸಮಯ ಬೇಕು, ಪುಸ್ತಕ ಬೇಕು, ಹಣ ಬೇಕು. ಸಂಶೋಧನೆಗೆ ಒತ್ತು ಕೊಡುವ ಇಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಮಾನವಿಕ ವಿಷಯಗಳ ಅಧ್ಯಾಪಕರು ಒಂದು ಸೆಮಿಸ್ಟರಿಗೆ ಸಾಮಾನ್ಯವಾಗಿ ಎರಡು ಕೋರ್ಸು ಕಲಿಸುತ್ತಾರೆ, ವಾರಕ್ಕೆ ಆರು ಗಂಟೆಯ ಆಸುಪಾಸು ತರಗತಿ. ನಮ್ಮಲ್ಲಿ ಯುಜಿಸಿ ನಿಯಮದ ಪ್ರಕಾರ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ. ಏಳು ವರ್ಷಕ್ಕೊಮ್ಮೆ ಸಂಬಳಸಹಿತ ರಜೆ ಪಡೆದು ಬರೆಯಲು ಕೂರುವ ಪದ್ಧತಿ ಹಾರ್ವರ್ಡ್‌ನಲ್ಲಿ 1880ರಲ್ಲೇ ಆರಂಭವಾಯಿತು. ಇಷ್ಟು ಬಿಡುವಿಲ್ಲದೆಯೂ ನಮ್ಮಲ್ಲಿ ಎಂಥ ಪ್ರಶ್ನೆಗಳನ್ನು ಹಿಡಿದು ಹೊರಟವರಿದ್ದರು! ಶಾಲಾ ಶಿಕ್ಷಕರಾಗಿದ್ದ ಶಂ.ಬಾ. ಜೋಶಿಯವರು ಕನ್ನಡಿಗರ ಮೂಲವನ್ನು ಅರಸಿ ಒಂದು ಆಯುಷ್ಯವನ್ನೇ ಕಳೆದರು. ಶಾಸನಗಳಲ್ಲಿ ಜನಜೀವನವನ್ನು ಓದಿದ ಚಿದಾನಂದಮೂರ್ತಿಯವರು, ಸಲ್ಲೇಖನದ, ಅಂದರೆ ಉಪವಾಸವಿದ್ದು ಸಾವನ್ನು ಬರಮಾಡಿಕೊಳ್ಳುವ ಜೈನ ವ್ರತದ, ನೆನಪಿಗೆ ನಿಲ್ಲಿಸಿದ ನಿಸಿಧಿ ಕಲ್ಲುಗಳ ಮುಂದೆ ಕುಳಿತು ಆ ಜನ ಸಾವನ್ನು ಹೇಗೆ ಎದುರುಗೊಂಡರು ಎಂದು ಕೇಳಿದ ಷ. ಶೆಟ್ಟರ್ ಅವರು, ಜಗತ್ತಿನ ಯಾವ ವಿಭಾಗದಲ್ಲಾದರೂ ತಲೆ ಎತ್ತಿ ನಿಲ್ಲಬಲ್ಲವರು. ಇಂದಿನ ಪದವಿ ಕಾಲೇಜುಗಳಲ್ಲೂ ಅಂಥ ಅಧ್ಯಾಪಕರಿದ್ದಾರೆ. ಅವರ ಹುಡುಕಾಟ ಏನೆಂದು ಕಾಲೇಜಿನ ಯಾವ ಫಲಕದಲ್ಲೂ ಬರೆದಿರುವುದಿಲ್ಲ, ಕೇಳುವವರೂ ಕಡಿಮೆ. ಇದು ನನಗೆ ನೋವಿನ ಸಂಗತಿ.

ಹಣದ ವಿಚಾರಕ್ಕೆ ಬಂದರೆ, ಅಮೆರಿಕದ ಅಧ್ಯಾಪಕರ ಆಸಕ್ತಿಗಳು ಬರೀ ಮನಸ್ಸಿನಿಂದ ಹುಟ್ಟಿದವಲ್ಲ. ಸೋವಿಯೆತ್ ಒಕ್ಕೂಟದ ಸ್ಪುಟ್ನಿಕ್ 1957ರಲ್ಲಿ ಹಾರಿತು. ಮರುವರ್ಷವೇ ಇಲ್ಲಿನ ಸಂಸತ್ತು ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆಯನ್ನು ಜಾರಿಗೆ ತಂದು ವಿದೇಶಿ ಭಾಷೆಗಳ ಕಲಿಕೆಗೆ ಹಣ ಸುರಿಯಿತು. ದಕ್ಷಿಣ ಏಷ್ಯಾ ಅಧ್ಯಯನ ಕೇಂದ್ರಗಳು ಬೆಳೆದದ್ದು ಆ ಹಣದಿಂದ. ಇನ್ನೊಂದು ಕಥೆ ನನಗೆ ಬಲು ಪ್ರಿಯ. 1954ರ ಪಿಎಲ್-480 ಕಾನೂನಿನಡಿ ಭಾರತ ಅಮೆರಿಕದ ಗೋಧಿಯನ್ನು ಕೊಂಡಾಗ ಬೆಲೆಯನ್ನು ರೂಪಾಯಿಯಲ್ಲಿ ಕೊಟ್ಟಿತು. ಆ ರೂಪಾಯಿಗಳನ್ನು ಭಾರತದಲ್ಲೇ ಖರ್ಚು ಮಾಡಬೇಕಿತ್ತು. ಅದರ ಒಂದು ಪಾಲಿನಿಂದ 1962ರಿಂದ ಲೈಬ್ರರಿ ಆಫ್ ಕಾಂಗ್ರೆಸ್‌ನ ದೆಹಲಿ ಕಚೇರಿ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಕಳಿಸತೊಡಗಿತು. ಬರಗಾಲದ ಆ ವರ್ಷಗಳಲ್ಲಿ ನಮ್ಮ ಹಿರಿಯರು ತಿಂದ ಗೋಧಿಯ ಋಣದಲ್ಲಿ ಇಲ್ಲಿನ ಗ್ರಂಥಾಲಯಗಳಿಗೆ ಕನ್ನಡದ ಕಾದಂಬರಿಗಳು, ಶಾಸನ ಸಂಪುಟಗಳು, ನಿಯತಕಾಲಿಕೆಗಳು ಬಂದು ಕುಳಿತವು. ಬೆಂಗಳೂರಿನಲ್ಲಿ ಹುಡುಕಿದರೂ ಸಿಗದ ಕನ್ನಡ ಪುಸ್ತಕಗಳನ್ನು ನಾನು ಇಲ್ಲಿನ ಕಪಾಟುಗಳಿಂದ ತೆಗೆದು ಓದಿದ್ದೇನೆ.

ಕೊಟ್ಟ ಕೈ ಹಿಂದಕ್ಕೂ ಸರಿಯುತ್ತದೆ. 2023ರಲ್ಲಿ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯ 28 ಪದವಿ ಕಾರ್ಯಕ್ರಮಗಳನ್ನೂ 143 ಬೋಧಕ ಹುದ್ದೆಗಳನ್ನೂ ಕೈಬಿಡಲು ತೀರ್ಮಾನಿಸಿತು, ಏಟು ಹೆಚ್ಚು ಬಿದ್ದದ್ದು ವಿದೇಶಿ ಭಾಷೆಗಳ ಮೇಲೆ. ಮಾನವಿಕಗಳಿಗಾಗಿ 1965ರಲ್ಲಿ ಹುಟ್ಟಿದ ರಾಷ್ಟ್ರೀಯ ನಿಧಿಯು ಆಗಲೇ ಮಂಜೂರಾಗಿದ್ದ ಸಾವಿರಕ್ಕೂ ಹೆಚ್ಚು ಅನುದಾನಗಳನ್ನು 2025ರ ಏಪ್ರಿಲ್‌ನಲ್ಲಿ ರದ್ದು ಮಾಡಿತು. ಅರ್ಧ ಬರೆದ ಪುಸ್ತಕಗಳು, ಅರ್ಧ ಓದಿದ ದಾಖಲೆಗಳು ಹಾಗೆಯೇ ನಿಂತವು. ಕೆಲಸ ಕಾಯಂ ಆಗುವ ಹಾದಿಯಲ್ಲಿ ಇರುವವರೂ ಇಂದು ಅಲ್ಪಸಂಖ್ಯಾತರೇ. ಅಮೆರಿಕದ ಬೋಧಕರಲ್ಲಿ ಮೂರನೇ ಎರಡು ಭಾಗಕ್ಕೂ ಹೆಚ್ಚು ಮಂದಿ ಆ ಹಾದಿಯ ಹೊರಗಿದ್ದಾರೆ. ಅವರಿಗೂ ಸಂಶೋಧನಾ ಆಸಕ್ತಿ ಇದೆ, ಅದನ್ನು ಬೆಳೆಸಿಕೊಳ್ಳಲು ಬಿಡುವಿಲ್ಲ. ಇಲ್ಲಿಗೆ ಬರಬೇಕೆನ್ನುವವರು ಇದನ್ನೆಲ್ಲ ತಿಳಿದೇ ಬರಬೇಕು.

ಇನ್ನು ಪರಿಚಯದ ಪುಟಗಳನ್ನು ಓದುವುದು ಹೇಗೆ? ಒಳ್ಳೆಯ ಆಸಕ್ತಿಯ ಸಾಲಿನಲ್ಲಿ ಪ್ರದೇಶ, ಕಾಲ, ಪ್ರಶ್ನೆ ಮೂರೂ ಕಾಣುತ್ತವೆ. ‘ಸಂಸ್ಕೃತಿ, ಅಧಿಕಾರ, ಅಸ್ಮಿತೆ’ ಎಂಬಂಥ ಮೂರು ಪದಗಳಷ್ಟೇ ಇದ್ದರೆ ಅಲ್ಲಿಗೆ ನಿಲ್ಲಿಸಬೇಡಿ, ಅವರ ಇತ್ತೀಚಿನ ಒಂದು ಲೇಖನವನ್ನು ಹುಡುಕಿ ಓದಿ. ಹತ್ತು ವರ್ಷದ ಹಿಂದಿನ ಪುಸ್ತಕಕ್ಕಿಂತ ನಿನ್ನೆಯ ಲೇಖನ ಅವರು ಈಗ ಎಲ್ಲಿದ್ದಾರೆ ಎಂಬುದನ್ನು ಹೆಚ್ಚು ನಿಖರವಾಗಿ ಹೇಳುತ್ತದೆ. ಅವರ ಕೈಕೆಳಗೆ ಪಿಎಚ್.ಡಿ. ಮುಗಿಸಿದವರು ಯಾವ ವಿಷಯಗಳ ಮೇಲೆ ಬರೆದಿದ್ದಾರೆ ಎಂದು ನೋಡಿ. ಹೆಸರಿನ ಜೊತೆ ‘ಎಮೆರಿಟಸ್’ ಎಂದಿದ್ದರೆ ಅವರು ನಿವೃತ್ತರು, ಹೊಸ ವಿದ್ಯಾರ್ಥಿಗಳನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಪುಸ್ತಕದ ಕೃತಜ್ಞತೆಯ ಪುಟವನ್ನು ಬಿಡಲೇಬೇಡಿ. ಯಾವ ದಾಖಲೆಖಾನೆಯಲ್ಲಿ ಕುಳಿತರು, ಯಾರ ಜೊತೆ ಜಗಳವಾಡುತ್ತ ಕಲಿತರು, ಯಾವ ಊರಿನವರು ಅನ್ನ ಹಾಕಿದರು ಎಂಬುದೆಲ್ಲ ಅಲ್ಲಿರುತ್ತದೆ. ವಿದ್ವಾಂಸರ ಮನಸ್ಸು ಅಷ್ಟು ಬಿಚ್ಚಿ ಕಾಣುವ ಇನ್ನೊಂದು ಜಾಗ ನನಗೆ ಸಿಕ್ಕಿಲ್ಲ.

ಅವರಿಗೆ ಪತ್ರ ಬರೆಯುವುದಾದರೆ ಆಗಸ್ಟ್ ಕೊನೆಯಿಂದ ಅಕ್ಟೋಬರಿನೊಳಗೆ ಬರೆಯಿರಿ. ಪಿಎಚ್.ಡಿ. ಅರ್ಜಿಗಳ ಕೊನೆಯ ದಿನ ಹೆಚ್ಚಿನ ಕಡೆ ಡಿಸೆಂಬರಿನಲ್ಲಿ ಬರುತ್ತದೆ. ‘ಪೂಜ್ಯರೇ’ ಎಂಬ ಧಾಟಿಯ ದೀರ್ಘ ನಮಸ್ಕಾರ, ಅಂಕಪಟ್ಟಿ, ಚಿನ್ನದ ಪದಕದ ವಿವರ ಬೇಡ. ನೀವು ಯಾರು ಎಂದು ಒಂದು ಸಾಲು, ನಿಮ್ಮ ಪ್ರಶ್ನೆ ಏನು ಎಂದು ಮೂರು ಸಾಲು, ಅವರ ಯಾವ ಬರಹ ಆ ಪ್ರಶ್ನೆಗೆ ತಗುಲಿತು ಎಂದು ಎರಡು ಸಾಲು ಸಾಕು. ಹಳಗನ್ನಡ ಬಲ್ಲೆ, ಮೋಡಿ ಲಿಪಿ ಓದಬಲ್ಲೆ, ತುಳು ಪಾಡ್ದನಗಳನ್ನು ಕೇಳಿ ಬರೆದುಕೊಂಡಿದ್ದೇನೆ ಎಂಬಂಥ ಮಾತಿದ್ದರೆ ಅದನ್ನು ಮೊದಲ ಸಾಲುಗಳಲ್ಲೇ ಹಾಕಿ. ಇಲ್ಲಿ ಅಂಥ ಕೌಶಲಕ್ಕೆ ಇರುವ ಬೆಲೆಯನ್ನು ನಮ್ಮ ವಿದ್ಯಾರ್ಥಿಗಳು ಊಹಿಸಿಯೇ ಇರುವುದಿಲ್ಲ. ಆ ವರ್ಷ ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೊನೆಯಲ್ಲಿ ಕೇಳಿ. ಎರಡು ವಾರದಲ್ಲಿ ಉತ್ತರ ಬರದಿದ್ದರೆ ಇನ್ನೊಮ್ಮೆ ಬರೆಯಲು ಸಂಕೋಚ ಬೇಡ. ಸೆಮಿಸ್ಟರಿನ ನಡುವೆ ಪತ್ರಗಳು ಕಳೆದುಹೋಗುವುದು ಇಲ್ಲಿ ಸಾಮಾನ್ಯ, ಎರಡನೆಯ ಪತ್ರಕ್ಕೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ.