ಇಸ್ತ್ರಿಯಾಗದ ಬಟ್ಟೆ ಮಗುವಿಗೆ ಬೇಡ

ಕಾಸರಗೋಡಿನ ಬೇಳ, ಕಯ್ಯಾರು, ಕುಂಬಳೆ, ಮಂಜೇಶ್ವರದ ಇಗರ್ಜಿಗಳಿಂದ (ಚರ್ಚುಗಳಿಂದ) ಆಫ್ರಿಕಾದ ಅನಾಥಾಲಯಕ್ಕೆ ಸೇವೆಗೆಂದು ಹೊರಡುವವರ ಕಣ್ಣಮುಂದೆ ಮಗುವನ್ನು ಎತ್ತಿಕೊಂಡು ತೂಗುವ ಚಿತ್ರವೇ ಇರುತ್ತದೆ. ಟಾಂಜಾನಿಯಾದಲ್ಲಿ ಸಿಸ್ಟರುಗಳು ನಡೆಸುವ ಶಿಶುಮನೆಯಲ್ಲಿ ಮೊದಲು ಎದುರಾಗುವುದು ಬಟ್ಟೆಯ ರಾಶಿ. ಆ ರಾಶಿಯನ್ನು ಮನಸ್ಸಿಟ್ಟು ಕೈಗೆತ್ತಿಕೊಳ್ಳಿ ಎಂದು ಹೇಳುವುದಕ್ಕಾಗಿಯೇ ಅಲ್ಲಿನ ಒಂದು ದಿನವನ್ನು ಇಲ್ಲಿ ಬರೆಯುತ್ತಿದ್ದೇವೆ.

ಬೆಳಗ್ಗೆ ಬಲಿಪೂಜೆ ಮುಗಿಸಿ ಹೊರಬಂದರೆ ಎದುರು ಸಿಕ್ಕವರು ‘ತುಮ್ಸಿಫು ಯೇಸು ಕ್ರಿಸ್ತೋ’ ಅನ್ನುತ್ತಾರೆ. ‘ಮಿಲೇಲೆ ಅಮಿನಾ’ ಎಂದು ಮರುಮಾತು ಹೇಳಬೇಕು. ಮಕ್ಕಳು ದೊಡ್ಡವರಿಗೆ ‘ಶಿಕಮೋ’ ಎಂದಾಗ ‘ಮರಹಬಾ’ ಎನ್ನದೆ ಮುಂದೆ ಹೋಗಬಾರದು. ತೇರ್ಸ್ (ಸಂಜೆಯ ಜಪಮಾಲೆ ಪ್ರಾರ್ಥನೆ) ಮುಗಿದ ಮೇಲೆ ಹಿರಿಯರ ಹತ್ತಿರ ಬೆಸಾಂವ್ (ಆಶೀರ್ವಾದ) ಕೇಳಿ ಬೆಳೆದವರಿಗೆ ಇದರ ತೂಕ ಹೇಳಿಕೊಡಬೇಕಾಗಿಲ್ಲ. ಹೋದ ಹುಡುಗಿಯರನ್ನು ಮಕ್ಕಳು ‘ದಾದಾ’ ಎಂದು ಕರೆಯುತ್ತಾರೆ. ಸ್ವಾಹಿಲಿಯಲ್ಲಿ ಅದು ಅಕ್ಕ. ತುಳು ಕಿವಿಗೆ ಅದು ‘ಏನು?’ ಎಂದು ಕೇಳುತ್ತದೆ, ಮೊದಲ ವಾರ ಹಾಗೆಯೇ. ಮನೆಯಲ್ಲೊಂದು, ಶಾಲೆಯಲ್ಲೊಂದು, ಪೇಟೆಯಲ್ಲೊಂದು ಭಾಷೆ ಆಡಿಕೊಂಡು ಬೆಳೆದ ಕಾಸರಗೋಡಿನವರಿಗೆ ಸ್ವಾಹಿಲಿ ಹತ್ತುವುದು ಕಷ್ಟವಲ್ಲ. ಹೊರಡುವ ಮೊದಲೇ 200 ಪದ ಕಲಿತು ಹೋಗಿ.

ಗಡಿಯಾರ ಮಾತ್ರ ಎಚ್ಚರದಿಂದ ಕಲಿಯಬೇಕಾದ ವಿಷಯ. ಅಲ್ಲಿ ನಮ್ಮೂರಿಗಿಂತ ಎರಡೂವರೆ ಗಂಟೆ ಹಿಂದೆ, ಅಷ್ಟು ಸುಲಭ. ಆದರೆ ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಬೆಳಗಾದಲ್ಲಿಂದ. ನಮ್ಮ 7 ಗಂಟೆ ಅವರಿಗೆ ‘ಸಾ ಮೋಜಾ’, ಅಂದರೆ 1 ಗಂಟೆ. ಚಿಕ್ಕ ಮುಳ್ಳಿನ ನೇರ ಎದುರಿಗಿರುವ ಅಂಕಿಯನ್ನು ಓದಿದರೆ ಲೆಕ್ಕ ಸರಿಬರುತ್ತದೆ. ಔಷಧಿ ಕೊಡುವಲ್ಲಿ ಇದು ತಪ್ಪಿದರೆ ಮಗುವಿಗೆ ಕಷ್ಟ. ಮಲೇರಿಯಾಕ್ಕೆ ಸಾಮಾನ್ಯವಾಗಿ ಕೊಡುವ ಮಾತ್ರೆಯ ಎರಡನೇ ಸರದಿ ಮೊದಲನೆಯದು ಕೊಟ್ಟು 8 ಗಂಟೆ ಕಳೆದ ಮೇಲೆ ಬರಬೇಕು. ಬೆಳಗ್ಗೆ 8ಕ್ಕೆ ಕೊಟ್ಟರೆ ಮುಂದಿನದು ಸಂಜೆ 4ಕ್ಕೆ. ಅದು ಅವರ ‘ಸಾ ಕುಮಿ’, 10 ಗಂಟೆ. ಪುಸ್ತಕದಲ್ಲಿ ಬರೇ ‘10’ ಎಂದಿದ್ದರೆ ನಮ್ಮವರು ರಾತ್ರಿ 10ಕ್ಕೆ ಕೊಟ್ಟುಬಿಟ್ಟಾರು. ಅಂಕಿಯ ಪಕ್ಕದಲ್ಲಿ ‘ಅಸುಬುಹಿ’ (ಬೆಳಗ್ಗೆ), ‘ಜಿಯೋನಿ’ (ಸಂಜೆ), ‘ಉಸಿಕು’ (ರಾತ್ರಿ) ಎಂದು ಬರೆಯಲೇಬೇಕು. ಆ ಮಾತ್ರೆಯನ್ನು ಹಾಲಿನ ಜೊತೆಗೋ ಊಟದ ಜೊತೆಗೋ ಕೊಡಬೇಕು, ಖಾಲಿ ಹೊಟ್ಟೆಯಲ್ಲಿ ಸರಿಯಾಗಿ ಮೈಗೆ ಹತ್ತುವುದಿಲ್ಲ. ಒಂದು ಗಂಟೆಯೊಳಗೆ ಕಕ್ಕಿದರೆ ನರ್ಸ್ ಸಿಸ್ಟರಿಗೆ ತಿಳಿಸಿ, ಆ ಸರದಿ ಮತ್ತೆ ಕೊಡಬೇಕಾಗುತ್ತದೆ.

ಹಾಲಿನ ಪುಡಿ ಕಲಸುವಾಗ ಕೈ ಧಾರಾಳವಾಗುವುದೂ ತಪ್ಪು, ಬಿಗಿಯಾಗುವುದೂ ತಪ್ಪು. ಹೆಚ್ಚಿನ ಡಬ್ಬಿಗಳಲ್ಲಿ 30 ಮಿಲಿಲೀಟರ್ ನೀರಿಗೆ ಒಂದು ಚಮಚ, ಅದೂ ಚೂರಿಯ ಬೆನ್ನಿನಿಂದ ತಲೆ ಸವರಿದ ಚಮಚ. ಡಬ್ಬಿಯ ಮೇಲಿನ ಅಳತೆ ಓದಿಕೊಂಡೇ ಹಾಕಿ. ಮೊದಲು ನೀರು, ಆಮೇಲೆ ಪುಡಿ. ನೀರು ಕುದಿಸಿ ಇಳಿಸಿದ ಅರ್ಧ ಗಂಟೆಯೊಳಗೆ, 70 ಡಿಗ್ರಿಗಿಂತ ಆರುವ ಮೊದಲೇ ಪುಡಿ ಹಾಕಬೇಕು. ಪುಡಿಯಲ್ಲೇ ಇರಬಹುದಾದ ರೋಗಾಣು ಸಾಯುವುದು ಆ ಬಿಸಿಗೆ. ಆಮೇಲೆ ಬಾಟಲಿಯನ್ನು ತಣ್ಣೀರಿನಲ್ಲಿಟ್ಟು ಆರಿಸಿ, ಮಣಿಕಟ್ಟಿನ ಮೇಲೆ ಎರಡು ಹನಿ ಬಿಟ್ಟು ನೋಡಿ. ತಿಂಗಳ ಕೊನೆಗೆ ಡಬ್ಬಿ ತಳ ಕಂಡಾಗ ನೀರು ಹೆಚ್ಚಿಸುವ ಆಸೆ ಬರುತ್ತದೆ. ಮಗು ಕುಡಿದು ಸುಮ್ಮನೆ ಮಲಗುತ್ತದೆ, ತೂಕ ಏರುವುದಿಲ್ಲ. ಡಬ್ಬಿ ಮುಗಿಯುವ ವಾರ ಮೊದಲೇ ಸುಪೀರಿಯರ್ ಸಿಸ್ಟರಿಗೆ ಹೇಳಿಬಿಡಿ.

ದೊಡ್ಡ ಮಕ್ಕಳಿಗೆ ಬೆಳಗ್ಗೆ ‘ಉಜಿ’, ಜೋಳದ ಇಲ್ಲವೇ ಸಿರಿಧಾನ್ಯದ ಹಿಟ್ಟಿನ ಗಂಜಿ. ನಮ್ಮ ರಾಗಿ ಮಣ್ಣಿಯ ಹಾಗೆ ಹಿಟ್ಟನ್ನು ತಣ್ಣೀರಲ್ಲಿ ಕದಡಿಯೇ ಕುದಿನೀರಿಗೆ ಹೊಯ್ಯುವುದು. ಅಡುಗೆಯಲ್ಲಿ ಅಲ್ಲಿನವರಿಗೆ ಕಲಿಸಲು ಹೋಗುವುದು ಬೇಡ.

ಇನ್ನು ಬಟ್ಟೆ. 20 ಹಸುಗೂಸುಗಳಿಗೆ ತಲಾ ಆರರಂತೆ ಹಿಡಿದರೂ ದಿನಕ್ಕೆ 120 ಲಂಗೋಟಿ. ಹೇಲು ತೊಳೆದು, ತಣ್ಣೀರಲ್ಲಿ ನೆನೆಸಿ, ಸೋಪು ಹಾಕಿ ಒಗೆದು, ಕುದಿಸಿ, ಎರಡು ನೀರಲ್ಲಿ ಜಾಲಿಸಬೇಕು. ನೀರು ಹೊತ್ತು ತರುವ ದಿನ ಎರಡನೇ ಜಾಲಿಸುವಿಕೆ ಬಿಡಲು ಮನಸ್ಸಾಗುತ್ತದೆ. ಸೋಪು ಉಳಿದ ಬಟ್ಟೆಯಿಂದ ಮಗುವಿನ ತೊಡೆಸಂದು ಕೆಂಪಾಗುತ್ತದೆ. ಇಷ್ಟರವರೆಗೆ ನಮ್ಮ ಮನೆಗಳಲ್ಲೂ ಇರುವುದೇ.

ಹೊಸತು ಅಂದರೆ ಒಂದು ನೊಣ. ಮ್ಯಾಂಗೋ ಫ್ಲೈ ಎನ್ನುತ್ತಾರೆ, ಟುಂಬು ಎಂದೂ ಹೆಸರಿದೆ. ಹೊರಗೆ ಒಣಹಾಕಿದ ಒದ್ದೆ ಬಟ್ಟೆಯ ಮೇಲೆ, ಅದರಲ್ಲೂ ನೆರಳಲ್ಲಿದ್ದರೆ, ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದ ಹುಳು ಮೈಗೆ ತಗಲಿದ ಕೂಡಲೇ ಚರ್ಮದೊಳಗೆ ಹೊಕ್ಕು ಬೆಳೆಯುತ್ತದೆ. ನೋಡಲು ಕುರುವಿನ ಹಾಗೆ, ಆದರೆ ನಡುವೆ ಸೂಜಿಮೊನೆಯಷ್ಟು ತೂತು. ಹುಳು ಉಸಿರಾಡುವುದು ಅದರಲ್ಲಿ. ಚಿವುಟಿ ಎಳೆಯಬೇಡಿ, ಒಳಗೆ ತುಂಡಾದರೆ ಕೀವಾಗುತ್ತದೆ. ವ್ಯಾಸಲಿನ್ ದಪ್ಪಗೆ ಮೆತ್ತಿದರೆ ಉಸಿರು ಕಟ್ಟಿ ಮೇಲೆ ಬರುತ್ತದೆ, ಆಗ ಎರಡು ಬದಿಯಿಂದ ಮೆಲ್ಲಗೆ ಒತ್ತಬೇಕು.

ಬಾರದ ಹಾಗೆ ಮಾಡುವ ದಾರಿ ಇಸ್ತ್ರಿ. ಲಂಗೋಟಿ, ಹಾಸು, ಟವೆಲ್, ನಮ್ಮದೇ ಒಳಬಟ್ಟೆ, ಹೊರಗೆ ಒಣಗಿದ ಪ್ರತಿಯೊಂದೂ ಬಿಸಿ ಇಸ್ತ್ರಿಯಡಿಯಲ್ಲಿ ಎರಡೂ ಮಗ್ಗುಲು ಹಾಯಬೇಕು. ಕರೆಂಟಿಲ್ಲದಾಗ ಕೆಂಡದ ಇಸ್ತ್ರಿಪೆಟ್ಟಿಗೆ. ಗೆರಟೆ ಕೆಂಡ ಹಾಕಿ ಇಸ್ತ್ರಿ ಹಾಕುತ್ತಿದ್ದುದನ್ನು ನೋಡಿದವರಿಗೆ ಅದರ ಹದ ಗೊತ್ತು: ಬಾಗಿಲು ಮುಚ್ಚಿದ ಕೋಣೆಯಲ್ಲಿ ಬೇಡ, ಕೆಂಡದ ಹೊಗೆ ವಿಷ, ಬೂದಿ ಊದಿ ತೆಗೆದು, ತಳವನ್ನು ಬಾಳೆಲೆಯ ಮೇಲೊಮ್ಮೆ ಎಳೆದರೆ ಮಸಿ ಬಿಡುತ್ತದೆ. ತಪ್ಪುವುದು ಹೊಲಿಗೆಯ ಮಡಿಕೆಯಲ್ಲಿ, ಸೊಂಟದ ಇಲಾಸ್ಟಿಕ್‌ನಲ್ಲಿ. ಮಗುವಿನ ಸೊಂಟದ ಸುತ್ತ ಸಾಲಾಗಿ ಮೂರು ಗುಳ್ಳೆ ಕಂಡರೆ ಇಸ್ತ್ರಿ ಎಲ್ಲಿ ಜಾರಿತು ಎಂದು ಬೇರೆ ಹೇಳಬೇಕಿಲ್ಲ. ಇಲಾಸ್ಟಿಕ್ ಎಳೆದು ಹಿಡಿದು, ಇಸ್ತ್ರಿಯನ್ನು ಅಲ್ಲೇ ಐದು ಎಣಿಸುವಷ್ಟು ಒತ್ತಿ. ಇಸ್ತ್ರಿ ತಡೆಯದ ಪ್ಲಾಸ್ಟಿಕ್ ಚಡ್ಡಿಯನ್ನು ಒಳಗೆ, ಸೊಳ್ಳೆಪರದೆಯ ಅಡಿಯಲ್ಲೇ ಒಣಗಿಸಬೇಕು. ಮಾರ್ಚ್‌ನಿಂದ ಮೇವರೆಗಿನ ‘ಮಸಿಕಾ’ ಮಳೆಯಲ್ಲಿ, ನಮ್ಮ ಆಟಿ ತಿಂಗಳ ಹಾಗೆ, ಯಾವುದೂ ಒಣಗುವುದಿಲ್ಲ. ಆಗ ಅರೆಒದ್ದೆ ಬಟ್ಟೆಯನ್ನು ಇಸ್ತ್ರಿಯಲ್ಲೇ ಒಣಗಿಸುವುದು, ಗಂಟೆಗಟ್ಟಲೆ ಕೆಲಸ.

ಈ ಕೆಲಸ ನಾವೇ ಹಿಡಿಯಬೇಕು ಎನ್ನುವುದಕ್ಕೆ ಕಾರಣವಿದೆ. ಅಲ್ಲಿನ ಮಕ್ಕಳಲ್ಲಿ ಎಷ್ಟೋ ಮಂದಿಗೆ ಅಪ್ಪನೋ ಅಜ್ಜಿಯೋ ಇದ್ದಾರೆ. ಹೆರಿಗೆಯಲ್ಲಿ ತಾಯಿ ತೀರಿಕೊಂಡು, ಹಾಲಿಗೆ ದಾರಿಯಿಲ್ಲದೆ ತಂದು ಬಿಟ್ಟ ಕೂಸುಗಳು. ನಡೆದು ಉಣ್ಣುವಷ್ಟಾದ ಮೇಲೆ ಮನೆಗೆ ಮರಳಬೇಕಾದವರು. ಮಕ್ಕಳ ಪಾಲನೆಗೆ 2009ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಒಪ್ಪಿದ ಮಾರ್ಗಸೂಚಿಯೂ ಕುಟುಂಬವನ್ನೇ ಮುಂದಿಡುತ್ತದೆ. ಅಲ್ಲಿಯತನಕ ಮಗುವಿಗೆ ಬೇಕಾದದ್ದು ದಿನವೂ ಅದೇ ಕೈ, ಅದೇ ದನಿ. ಆ ಕೈ ಅಲ್ಲಿಯ ‘ಮಾಮಾ’ಗಳದು, ಸ್ವಾಹಿಲಿಯಲ್ಲಿ ಮಾಮಾ ಎಂದರೆ ಅಮ್ಮ. ಮೂರು ತಿಂಗಳಿಗೆ ಹೋದವರು ಮಗುವನ್ನು ಅಂಟಿಸಿಕೊಂಡು ವಿಮಾನ ಹತ್ತಿದರೆ ಆ ಮಗು ಇನ್ನೊಮ್ಮೆ ತಾಯಿಯನ್ನು ಕಳೆದುಕೊಂಡಂತೆ. ಇಸ್ತ್ರಿ ನಾವು ಹಿಡಿದರೆ ಮಾಮಾಗೆ ಮಡಿಲಲ್ಲಿ ಕೂರಿಸಿ ಹಾಲು ಕುಡಿಸಲು ಹೊತ್ತು ಸಿಗುತ್ತದೆ, ಇಲ್ಲದಿದ್ದರೆ ಬಾಟಲಿಯನ್ನು ದಿಂಬಿಗೆ ಒರಗಿಸಿಟ್ಟು ಅವಳು ಒಗೆಯಲು ಓಡಬೇಕು. ಹಾಗೆ ಕುಡಿಯುವ ಮಗುವಿಗೆ ಹಾಲು ನೆತ್ತಿಗೇರುವ ಭಯ ಬೇರೆ. ಅಳುವ ಮಗುವನ್ನು ಎತ್ತಬೇಡಿ ಎಂದು ಯಾರೂ ಹೇಳುವುದಿಲ್ಲ. ಎತ್ತಿ, ಸಮಾಧಾನ ಮಾಡಿ, ಅದರ ಮಾಮಾಳ ಕೈಗೆ ಕೊಡಿ. ಫೋಟೋ ಬೇಡ.

ಸಂಜೆ 5ಕ್ಕೆ ಸ್ನಾನದ ಗಡಿಬಿಡಿ. ಅದೇ ಹೊತ್ತಿಗೆ ಊರಲ್ಲಿ ಏಳೂವರೆ, ತೇರ್ಸ್ ಮುಗಿಸಿದ ಅಮ್ಮ ಫೋನು ಮಾಡಿ ‘ಊಟ ಆಯ್ತಾ ಮಗಾ?’ ಎಂದು ಕೇಳುವ ಹೊತ್ತು. ಊರಿನ ಹತ್ತು ಗಂಟೆಯ ಮೇಲೆ ಮಾಡಿ ಎಂದು ಮೊದಲೇ ಹೇಳಿಟ್ಟು ಹೋಗಿ. ಸ್ನಾನ ಮಾಡಿಸುವಾಗಲೇ ಮೈಯೆಲ್ಲ ನೋಡುವ ಸಮಯ: ಸೊಂಟ, ಬೆನ್ನು, ಬೆರಳಸಂದು. ಬೆರಳಸಂದಿನಲ್ಲಿ ತುರಿ ಕಂಡರೆ ಕಜ್ಜಿ. ಒಂದು ಮಗುವಿಗೆ ಮದ್ದು ಹಚ್ಚಿದರೆ ಸಾಲದು, ಕೋಣೆಯವರೆಲ್ಲರಿಗೂ ಒಂದೇ ದಿನ ಹಚ್ಚಬೇಕು. ಮೈ ಬಿಸಿಯಿದ್ದರೆ ಬೆರಳು ಚುಚ್ಚಿ ಮಲೇರಿಯಾ ಪರೀಕ್ಷೆ. ಪಟ್ಟಿಯನ್ನು ಅದರ ಮೇಲೆ ಹೇಳಿದ ನಿಮಿಷಕ್ಕೇ ಓದಬೇಕು, ಮರೆತು ಗಂಟೆ ಕಳೆದು ನೋಡಿದ ಗೆರೆಯನ್ನು ನಂಬಬಾರದು.

ಕತ್ತಲಾಗುವ ಮೊದಲೇ ಪರದೆಗಳನ್ನು ಇಳಿಸಿ ಹಾಸಿಗೆಯಡಿ ಸಿಕ್ಕಿಸಬೇಕು. ಮಕ್ಕಳು ಮಲಗಿದ ಮೇಲೆ ನಾಳೆಯ ಲಂಗೋಟಿಗಳನ್ನು ಎಣಿಸಿ, ಇಸ್ತ್ರಿಯಾದದ್ದನ್ನು ಮುಚ್ಚಳದ ಪೆಟ್ಟಿಗೆಯಲ್ಲೂ ಆಗದ್ದನ್ನು ಬುಟ್ಟಿಯಲ್ಲೂ ಇಡಿ. ರಾತ್ರಿ ಎರಡಕ್ಕೆ ನಿದ್ದೆಗಣ್ಣಿನಲ್ಲಿ ಏಳುವ ಮಾಮಾ ಕತ್ತಲಲ್ಲಿ ಕೈಹಾಕಿದರೆ ಸಿಗುವುದು ಪೆಟ್ಟಿಗೆಯ ಬಟ್ಟೆಯೇ ಆಗಿರಬೇಕು. ಬುಟ್ಟಿಯನ್ನು ಕೋಣೆಯ ಹೊರಗಿಟ್ಟು ಬನ್ನಿ.