ಹಳೇ ಟಿವಿಗೆ ಫೋನ್ ಜೋಡಿಸುವ ಕೆಲಸ: ಕೇಬಲ್ ಹೇಳುವ ಮೊದಲು ಟಿವಿಯ ಬೆನ್ನು ನೋಡಿ

ಟಿವಿ ರಿಪೇರಿ, ಇನ್‌ಸ್ಟಲೇಶನ್ ಕೆಲಸಕ್ಕೆ ಹೊಸದಾಗಿ ಇಳಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. "ನಮ್ಮ ಟಿವಿ ಸ್ಮಾರ್ಟ್ ಅಲ್ಲ, ಫೋನಲ್ಲಿರೋದು ಅದರಲ್ಲಿ ಬರೋ ಹಾಗೆ ಮಾಡ್ಕೊಡಿ" ಎಂದು ಬರುವ ಗಿರಾಕಿಗಳಲ್ಲಿ ಹೆಚ್ಚಿನವರು ಯಾವುದೋ ಕೇಬಲ್ಲನ್ನು ಆಗಲೇ ಕೊಂಡಿರುತ್ತಾರೆ. ಕೇಬಲ್ ಕೆಟ್ಟಿರುವುದಿಲ್ಲ, ಆ ಟಿವಿಗೋ ಆ ಫೋನಿಗೋ ಹೊಂದುವಂಥದ್ದಾಗಿರುವುದಿಲ್ಲ, ಅಷ್ಟೇ. ಟಿವಿಯ ಹಿಂಭಾಗ ಮತ್ತು ಪಕ್ಕದ ಸಾಕೆಟ್‌ಗಳ ಫೋಟೊ, ಫೋನಿನ ಪೂರ್ತಿ ಮಾಡೆಲ್ ಹೆಸರು, ಇವೆರಡನ್ನು ವಾಟ್ಸಾಪಿನಲ್ಲಿ ತರಿಸಿಕೊಳ್ಳದೆ ಯಾವ ಸಾಮಾನನ್ನೂ ಹೇಳಬೇಡಿ.

ಮೊದಲು ಯುಎಸ್‌ಬಿ ವಿಚಾರ, ಏಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಹಳೇ ಎಲ್‌ಇಡಿ ಟಿವಿಯ ಯುಎಸ್‌ಬಿ ಪೋರ್ಟಿಗೆ ಚಾರ್ಜಿಂಗ್ ಕೇಬಲ್‌ನಿಂದ ಫೋನ್ ಜೋಡಿಸಿದರೆ ಫೋನ್ ಚಾರ್ಜ್ ಆಗುತ್ತದೆ, ಚಿತ್ರ ಬರುವುದಿಲ್ಲ. ಆ ಪೋರ್ಟ್ ಇರುವುದು ಪೆನ್‌ಡ್ರೈವ್‌ನ ಫೈಲ್ ಓದಲು. ಈಗಿನ ಆಂಡ್ರಾಯ್ಡ್ ಫೋನ್‌ಗಳು ಪೆನ್‌ಡ್ರೈವ್‌ನಂತೆ ಕಾಣಿಸಿಕೊಳ್ಳುವುದಿಲ್ಲ. ಅವು ಎಂಟಿಪಿ ಎಂಬ ಬೇರೆ ವಿಧಾನದಲ್ಲಿ ಫೈಲ್ ಕೊಡುತ್ತವೆ, ಹಳೇ ಟಿವಿಗೆ ಅದು ಗೊತ್ತಿಲ್ಲ. ಗಿರಾಕಿಗೆ ಬೇಕಿರುವುದು ಮದುವೆ ವಿಡಿಯೊ, ಫೋಟೊ ಮಾತ್ರವಾದರೆ ಅವನ್ನು ಪೆನ್‌ಡ್ರೈವ್‌ಗೆ ಹಾಕಿಕೊಟ್ಟು ಕೆಲಸ ಮುಗಿಸಿ. ಪೆನ್‌ಡ್ರೈವನ್ನು ಫ್ಯಾಟ್32 ಎಂಬ ಬಗೆಯಲ್ಲಿ ಫಾರ್ಮ್ಯಾಟ್ ಮಾಡಿ, ಎಚ್.264 (ವಿಡಿಯೊ ಕುಗ್ಗಿಸುವ ಹಳೇ ವಿಧಾನ) ಇರುವ ಎಂಪಿ4 ಫೈಲ್ ಹಾಕಿ. ಹೊಸ ಫೋನಿನ ಕ್ಯಾಮೆರಾ ಎಚ್‌ಇವಿಸಿ ಎಂಬ ಹೊಸ ವಿಧಾನದಲ್ಲಿ ರೆಕಾರ್ಡ್ ಮಾಡಿದ್ದರೆ ಹಳೇ ಟಿವಿ 'ಈ ಫೈಲ್ ಆಗುವುದಿಲ್ಲ' ಎನ್ನುತ್ತದೆ, ಅದನ್ನು ಎಚ್.264ಗೆ ಬದಲಾಯಿಸಿಯೇ ಹಾಕಬೇಕು. ಒಂದೊಂದು ಫೈಲೂ 4 ಜಿಬಿಯೊಳಗಿರಬೇಕು, ಫ್ಯಾಟ್32ರ ಮಿತಿ ಅದು.

ಫೋನಿನ ಪರದೆಯನ್ನೇ ಟಿವಿಯಲ್ಲಿ ನೋಡಬೇಕು, ಟಿವಿಯಲ್ಲಿ ಎಚ್‌ಡಿಎಂಐ ಇದೆ ಎಂದಾದರೆ ಮುಂದಿನ ಪ್ರಶ್ನೆ ಫೋನಿನದು. ಟೈಪ್-ಸಿ ತೂತು ಇದ್ದ ಮಾತ್ರಕ್ಕೆ ಅದರಿಂದ ಚಿತ್ರ ಹೊರಬರುವುದಿಲ್ಲ. ಅದಕ್ಕೆ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಎಂಬ ಸೌಲಭ್ಯ ಬೇಕು. ಸ್ಯಾಮ್‌ಸಂಗ್‌ನಲ್ಲಿ ಎಸ್8ರಿಂದ ಈಚಿನ ಎಸ್ ಸರಣಿಯ ಬಹುತೇಕ ಫೋನ್‌ಗಳಲ್ಲಿದೆ, ಐಫೋನ್‌ನಲ್ಲಿ 15ನೇ ಸರಣಿಯಿಂದ ಇದೆ. ಕಡಿಮೆ ಬೆಲೆಯ ಫೋನ್‌ಗಳಲ್ಲಿ ಬಹುತೇಕ ಇರುವುದಿಲ್ಲ, ಅವುಗಳ ಟೈಪ್-ಸಿ ಒಳಗೆ ಇರುವುದು ಯುಎಸ್‌ಬಿ 2.0 ಮಾತ್ರ. ಸ್ಪೆಸಿಫಿಕೇಶನ್‌ನಲ್ಲಿ ಯುಎಸ್‌ಬಿ 2.0 ಎಂದಷ್ಟೇ ಇದ್ದು ಡಿಸ್‌ಪ್ಲೇಪೋರ್ಟ್ ಹೆಸರಿಲ್ಲದಿದ್ದರೆ ಟೈಪ್-ಸಿಯಿಂದ ಎಚ್‌ಡಿಎಂಐ ಅಡಾಪ್ಟರ್ ಮಾರಲೇಬೇಡಿ (ಐಫೋನ್ 15ರಂಥವು ಯುಎಸ್‌ಬಿ 2.0 ಇದ್ದೂ ಚಿತ್ರ ಕೊಡುತ್ತವೆ). ಅಡಾಪ್ಟರ್ ಹೊಂದುವ ಫೋನಾದರೆ ಚಾರ್ಜಿಂಗ್ ತೂತೂ ಇರುವ ಅಡಾಪ್ಟರನ್ನೇ ಕೊಡಿ, ಇಲ್ಲದಿದ್ದರೆ ಕ್ರಿಕೆಟ್ ಮ್ಯಾಚ್ ಮುಗಿಯುವ ಮೊದಲೇ ಬ್ಯಾಟರಿ ಮುಗಿಯುತ್ತದೆ. ಮೈಕ್ರೋ ಯುಎಸ್‌ಬಿ ಫೋನ್‌ಗಳಿಗೆ ಎಂಎಚ್‌ಎಲ್ (ಮೈಕ್ರೋ ಯುಎಸ್‌ಬಿಯಿಂದ ಚಿತ್ರ ಹೊರತರುವ ಹಳೇ ಸೌಲಭ್ಯ) ಕೇಬಲ್ ಎಂದು ಮಾರುವುದು ಆ ಸೌಲಭ್ಯವಿದ್ದ ಕೆಲವೇ ಹಳೇ ಮಾಡೆಲ್‌ಗಳಲ್ಲಿ ನಡೆಯುತ್ತದೆ. ಕೇಬಲ್ ಜೋಡಿಸಿ, ಕ್ಯೂಆರ್ ಕೋಡ್‌ನಿಂದ ಹೊರಗಿನ ಆ್ಯಪ್ ಇಳಿಸಿ, ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ ಎನ್ನುವ ಅಗ್ಗದ ಕೇಬಲ್‌ಗಳೂ ಇವೆ. ಬ್ಯಾಂಕಿನ ಆ್ಯಪ್, ಯುಪಿಐ ಎಲ್ಲ ಇರುವ ಫೋನಿಗೆ ಇಂಥದ್ದನ್ನು ಹಾಕಿಸುವುದು ತಪ್ಪು. ಗಿರಾಕಿ ಕೇಳಿದರೂ ಬೇಡ ಎನ್ನಿ.

ಎಚ್‌ಡಿಎಂಐ ಇರುವ ಟಿವಿಗೆ ನನ್ನ ಸಲಹೆ ಸಾಮಾನ್ಯವಾಗಿ ಒಂದೇ: ಫೈರ್ ಟಿವಿಯಂಥ ಒಂದು ಸ್ಟಿಕ್. ಒಟಿಟಿ ಆ್ಯಪ್ ಸ್ಟಿಕ್‌ನಲ್ಲೇ ಓಡುತ್ತದೆ, ಫೋನಿಗೆ ಕರೆ ಬಂದರೂ ಸಿನಿಮಾ ನಿಲ್ಲುವುದಿಲ್ಲ. ಪರದೆಯನ್ನೇ ಟಿವಿಗೆ ಎತ್ತಿ ತೋರಿಸುವ ಮಿರರಿಂಗ್‌ನಲ್ಲಿ ಇನ್ನೊಂದು ತೊಂದರೆಯಿದೆ. ಅನೇಕ ಒಟಿಟಿ ಆ್ಯಪ್‌ಗಳು ನಕಲು ತಡೆಯಲು ಚಿತ್ರವನ್ನು ಮುಚ್ಚಿಬಿಡುತ್ತವೆ, ಶಬ್ದ ಬರುತ್ತದೆ, ಪರದೆ ಕಪ್ಪಾಗಿರುತ್ತದೆ. ಅದು ಕೇಬಲ್ ದೋಷವಲ್ಲ, ಟಿವಿ ದೋಷವೂ ಅಲ್ಲ. ಇದನ್ನು ಗಿರಾಕಿಗೆ ಮೊದಲೇ ಹೇಳಿರಬೇಕು. ವೈಫೈ ಮೂಲಕ ಪರದೆ ಕಳಿಸುವ ಎರಡು ವಿಧಾನಗಳಲ್ಲಿ, ಗೂಗಲ್‌ನ ಪಿಕ್ಸೆಲ್ ಫೋನ್‌ಗಳಲ್ಲಿ ಮಿರಾಕಾಸ್ಟ್ ಇಲ್ಲ, ಗೂಗಲ್ ಕಾಸ್ಟ್ ಮಾತ್ರ ಇದೆ. ಆ ಫೋನ್ ಇದ್ದವರಿಗೆ ಮಿರಾಕಾಸ್ಟ್ ಡಾಂಗಲ್ ಕೊಟ್ಟರೆ ವಾಪಸು ಬರುತ್ತದೆ.

ಸ್ಟಿಕ್‌ಗೆ ಕರೆಂಟು ಟಿವಿಯ ಯುಎಸ್‌ಬಿಯಿಂದ ಕೊಡಬೇಡಿ. ಹಳೇ ಟಿವಿಯ ಯುಎಸ್‌ಬಿ 2.0 ಪೋರ್ಟ್ ಕೊಡುವುದು ಅರ್ಧ ಆಂಪ್, ಸ್ಟಿಕ್‌ಗೆ ಬೇಕಾದದ್ದು 5 ವೋಲ್ಟ್ 1 ಆಂಪ್. ಲೋಗೋ ಬಂದು ಮತ್ತೆ ರೀಸ್ಟಾರ್ಟ್ ಆಗುವುದು, ಸಿನಿಮಾ ನಡುವೆ ಆಫ್ ಆಗುವುದು, ಇವಕ್ಕೆಲ್ಲ ಕಾರಣ ಬಹುಪಾಲು ಇದೇ. ಡಬ್ಬದಲ್ಲಿ ಬಂದ ಅಡಾಪ್ಟರನ್ನೇ ಗೋಡೆಯ ಪ್ಲಗ್‌ಗೆ ಹಾಕಿ. ಜೊತೆಗೆ ಬರುವ ಪುಟ್ಟ ಎಚ್‌ಡಿಎಂಐ ಎಕ್ಸ್‌ಟೆಂಡರನ್ನೂ ಬಳಸಿ, ಸ್ಟಿಕ್ ಟಿವಿಯ ಲೋಹದ ಬೆನ್ನಿನಿಂದ ಸ್ವಲ್ಪ ದೂರ ಸರಿದರೆ ವೈಫೈ ಚೆನ್ನಾಗಿ ಸಿಗುತ್ತದೆ. ಚಿತ್ರದ ಅಂಚು ಕತ್ತರಿಸಿ ಹೋದಂತೆ ಕಂಡರೆ ಟಿವಿಯ ಪಿಕ್ಚರ್ ಸೈಜ್ ಮೆನುವಿನಲ್ಲಿ 'ಜಸ್ಟ್ ಸ್ಕ್ಯಾನ್' ಅಥವಾ 'ಸ್ಕ್ರೀನ್ ಫಿಟ್' ಹುಡುಕಿ.

ಇನ್ನು ಪಿಕ್ಚರ್ ಟ್ಯೂಬಿನ ಡಬ್ಬಾ ಟಿವಿ. ಇಲ್ಲಿ ಎಚ್‌ಡಿಎಂಐ ಇಲ್ಲ, ಹಳದಿ, ಬಿಳಿ, ಕೆಂಪು ಎವಿ ಸಾಕೆಟ್ ಮಾತ್ರ. ಹಳದಿ ಚಿತ್ರಕ್ಕೆ, ಬಿಳಿ ಎಡಗಡೆಯ ಶಬ್ದಕ್ಕೆ, ಕೆಂಪು ಬಲಗಡೆಯದಕ್ಕೆ. ಟಿವಿ ಮೋನೊ ಆಗಿ ಕೆಂಪು ತೂತು ಇಲ್ಲದಿದ್ದರೆ ಬಿಳಿ ಮಾತ್ರ ಹಾಕಿ. ಸ್ಟಿಕ್‌ಗೂ ಟಿವಿಗೂ ನಡುವೆ ಎಚ್‌ಡಿಎಂಐನಿಂದ ಎವಿಗೆ ಬದಲಾಯಿಸುವ ಪುಟ್ಟ ಪೆಟ್ಟಿಗೆ ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಆನ್‌ಲೈನ್‌ನಲ್ಲೋ ಇದು ಸುಲಭವಾಗಿ ಸಿಗುತ್ತದೆ, ಆದರೆ ನೋಡಲು ಒಂದೇ ಥರ ಇರುವ ಎರಡು ಪೆಟ್ಟಿಗೆಗಳಿವೆ. ಒಂದು ಎಚ್‌ಡಿಎಂಐ ಒಳಗೆ ಎವಿ ಹೊರಗೆ, ಇನ್ನೊಂದು ಅದಕ್ಕೆ ಉಲ್ಟಾ. ಹಳೇ ಡಿವಿಡಿ ಪ್ಲೇಯರನ್ನು ಹೊಸ ಟಿವಿಗೆ ಜೋಡಿಸಲು ಮಾಡಿದ ಉಲ್ಟಾ ಪೆಟ್ಟಿಗೆಯನ್ನು ತಂದು ಚಿತ್ರ ಬರಲಿಲ್ಲ ಎನ್ನುವವರು ಬಹಳ. ಪೆಟ್ಟಿಗೆಯ ಎಚ್‌ಡಿಎಂಐ ತೂತಿನ ಪಕ್ಕ 'ಇನ್‌ಪುಟ್' ಎಂದಿರಬೇಕು. ಒಂದು ತುದಿಯಲ್ಲಿ ಎಚ್‌ಡಿಎಂಐ, ಇನ್ನೊಂದರಲ್ಲಿ ಮೂರು ಬಣ್ಣದ ಪಿನ್, ನಡುವೆ ಬರೀ ತಂತಿ ಇರುವ ಕೇಬಲ್‌ನಿಂದ ಈ ಕೆಲಸ ಆಗುವುದೇ ಇಲ್ಲ. ಡಿಜಿಟಲ್ ಸಿಗ್ನಲ್ಲನ್ನು ಅನಲಾಗ್ ಮಾಡಲು ಒಳಗೆ ಚಿಪ್ ಬೇಕು, ಚಿಪ್‌ಗೆ ಕರೆಂಟು ಬೇಕು. ಹಾಗಾಗಿ ಪೆಟ್ಟಿಗೆಗೂ ಒಂದು 5 ವೋಲ್ಟ್ ಚಾರ್ಜರ್ ಎಣಿಕೆಯಲ್ಲಿರಲಿ. ಸ್ಟಿಕ್, ಪೆಟ್ಟಿಗೆ, ಟಿವಿ ಸೇರಿ ಮೂರು ಪ್ಲಗ್, ಅಲ್ಲೊಂದು ಎಕ್ಸ್‌ಟೆನ್ಶನ್ ಬಾಕ್ಸ್ ಬೇಕಾಗುತ್ತದೆ.

ಪೆಟ್ಟಿಗೆಯ ಮೇಲೆ ಪಾಲ್ ಮತ್ತು ಎನ್‌ಟಿಎಸ್‌ಸಿ ಎಂಬ ಸ್ವಿಚ್ ಇರುತ್ತದೆ, ಇವು ಬೇರೆ ಬೇರೆ ದೇಶಗಳ ಅನಲಾಗ್ ಟಿವಿ ಸಿಗ್ನಲ್ ಪದ್ಧತಿಗಳು. ನಮ್ಮ ದೇಶದ ಟಿವಿಗಳಿಗೆ ಪಾಲ್. ಅದು ಎನ್‌ಟಿಎಸ್‌ಸಿ ಕಡೆ ಇದ್ದರೆ ಪಾಲ್ ಮಾತ್ರ ತಿಳಿದ ಹಳೇ ಸೆಟ್‌ನಲ್ಲಿ ಚಿತ್ರ ಕಪ್ಪುಬಿಳುಪಾಗುತ್ತದೆ, ಇಲ್ಲವೇ ಮೇಲಿಂದ ಕೆಳಗೆ ಉರುಳುತ್ತದೆ. ಕಪ್ಪುಬಿಳುಪಿಗೆ ಎರಡನೇ ಕಾರಣವೂ ಉಂಟು: ಹಳದಿ ಪಿನ್ನನ್ನು ಹಸಿರು ಸಾಕೆಟ್‌ಗೆ ಹಾಕಿ, ಇನ್‌ಪುಟ್ ಕಾಂಪೊನೆಂಟ್‌ನಲ್ಲಿ (ಚಿತ್ರವನ್ನು ಮೂರು ತಂತಿಗಳಲ್ಲಿ ಬೇರೆ ಬೇರೆ ತರುವ ಇನ್‌ಪುಟ್) ಇಟ್ಟಿರುವುದು. ಕೆಲವು ಎಲ್‌ಇಡಿಗಳಲ್ಲಿ ಹಳದಿಗೂ ಹಸಿರಿಗೂ ಒಂದೇ ತೂತು, ಅಲ್ಲಿ ಪಿನ್ ಹಾಕಿದ್ದು ಸರಿಯೇ, ರಿಮೋಟಿನಲ್ಲಿ ಎವಿ ಆರಿಸಿದರೆ ಬಣ್ಣ ಬರುತ್ತದೆ. ಚಿತ್ರ ಇದ್ದು ಶಬ್ದ ಇಲ್ಲದಿದ್ದರೆ ಸ್ಟಿಕ್‌ನ ಆಡಿಯೊ ಸೆಟ್ಟಿಂಗ್‌ನಲ್ಲಿ ಡಾಲ್ಬಿ ತೆಗೆದು ಪಿಸಿಎಂ (ಕುಗ್ಗಿಸದ ಸಾದಾ ಡಿಜಿಟಲ್ ಶಬ್ದ) ಇಡಿ, ಈ ಪೆಟ್ಟಿಗೆಗಳಿಗೆ ಡಾಲ್ಬಿ ಬಿಡಿಸಲು ಬರುವುದಿಲ್ಲ. ಚಿತ್ರವೇ ಇಲ್ಲದಿದ್ದರೆ ರೆಸಲ್ಯೂಶನ್ 720ಪಿಗೆ ಇಳಿಸಿ ನೋಡಿ. ಯೂಟ್ಯೂಬ್ ಬಂದು ಒಂದೆರಡು ಒಟಿಟಿ ಮಾತ್ರ ಬರದಿದ್ದರೆ ಪೆಟ್ಟಿಗೆಯಲ್ಲಿ ಎಚ್‌ಡಿಸಿಪಿ (ಎಚ್‌ಡಿಎಂಐನ ನಕಲು ತಡೆ ವ್ಯವಸ್ಥೆ) ಇಲ್ಲದಿರಬಹುದು, ಬೇರೆ ಪೆಟ್ಟಿಗೆ ಹಾಕಿ ಪರೀಕ್ಷಿಸಿ.

ಡಬ್ಬಾ ಟಿವಿಯ ಮಿತಿಯನ್ನೂ ಒಪ್ಪಿಸಬೇಕು. ಪಾಲ್ ಚಿತ್ರದಲ್ಲಿ ಕಾಣುವ ಗೆರೆಗಳು 576 ಮಾತ್ರ. ಸಿನಿಮಾ, ಹಾಡು, ಮಕ್ಕಳ ಕಾರ್ಟೂನ್ ಚೆನ್ನಾಗಿ ಕಾಣುತ್ತವೆ, ಮೆನುವಿನ ಸಣ್ಣ ಅಕ್ಷರ ಮಸುಕಾಗುತ್ತದೆ. ಅಗಲದ ಚಿತ್ರವನ್ನು 4:3 ಪರದೆಗೆ ಒತ್ತಿದಾಗ ಮುಖಗಳು ಉದ್ದವಾಗಿ ಕಾಣುತ್ತವೆ, ಟಿವಿಯಲ್ಲಿ 16:9 ಆಯ್ಕೆ ಇದ್ದರೆ ಹಾಕಿ. ಮಕ್ಕಳ ಆನ್‌ಲೈನ್ ಪಾಠಕ್ಕೆ ಬೇಕು ಎಂದರೆ, ಅಕ್ಷರ ಓದಲಾಗದು ಎಂದು ಸ್ಪಷ್ಟವಾಗಿ ಹೇಳಿ ಅವರ ದುಡ್ಡು ಉಳಿಸಿ.

ಎಲ್ಲಕ್ಕಿಂತ ಜಾಗ್ರತೆ ಬೇಕಿರುವುದು ಪಿನ್ ಹಾಕುವಾಗ. ಎರಡು ಪಿನ್ನಿನ ಅಡಾಪ್ಟರ್‌ಗಳಲ್ಲಿ ಅರ್ಥ್ ಇರುವುದಿಲ್ಲ, ಒಳಗಿನ ಕೆಪಾಸಿಟರ್ ಮೂಲಕ ಸಣ್ಣ ಸೋರಿಕೆ ಇದ್ದೇ ಇರುತ್ತದೆ. ಕೈಗೆ ಜುಮ್ ಎನ್ನುವುದು ಅದೇ. ಎವಿ ಪಿನ್ನಿನಲ್ಲಿ ಹೊರಗಿನ ಬಳೆಗಿಂತ ಮೊದಲು ನಡುವಿನ ಕಡ್ಡಿ ಸಾಕೆಟ್‌ಗೆ ತಾಗುತ್ತದೆ, ಆ ಸೋರಿಕೆ ನೇರ ಸಿಗ್ನಲ್ ದಾರಿಗೆ ಹೋಗಿ ಇನ್‌ಪುಟ್ ಐಸಿ ಸುಡಬಹುದು. ರಸ್ತೆಯಿಂದ ಬರುವ ಕೇಬಲ್ ಟಿವಿ ತಂತಿಯಲ್ಲಿ ಕೆಲವೊಮ್ಮೆ ಇದಕ್ಕಿಂತ ಹೆಚ್ಚು ವೋಲ್ಟೇಜ್ ಇರುತ್ತದೆ. ಆದ್ದರಿಂದ ಕ್ರಮ ಹೀಗಿರಲಿ: ಎಲ್ಲ ಪ್ಲಗ್ ತೆಗೆಯಿರಿ, ಸೆಟ್‌ಟಾಪ್ ಬಾಕ್ಸ್‌ನ ತಂತಿ ಬಿಚ್ಚಿ, ಎವಿ ಮತ್ತು ಎಚ್‌ಡಿಎಂಐ ಜೋಡಿಸಿ, ಕೊನೆಗೆ ಕರೆಂಟು ಕೊಡಿ. ಡಬ್ಬಾ ಟಿವಿಯ ಹಿಂಬದಿ ಮುಚ್ಚಳವನ್ನು ಈ ಕೆಲಸಕ್ಕೆ ಬಿಚ್ಚುವ ಅಗತ್ಯವೇ ಇಲ್ಲ, ಟ್ಯೂಬಿನಲ್ಲಿ ಆಫ್ ಆದ ಮೇಲೂ ಅಪಾಯದ ಚಾರ್ಜ್ ಉಳಿದಿರುತ್ತದೆ. ಗುಡುಗು ಮಳೆಯಲ್ಲಿ ಪ್ಲಗ್ ತೆಗೆದರಷ್ಟೇ ಸಾಲದು, ಕೇಬಲ್ ತಂತಿಯನ್ನೂ ಬಿಚ್ಚಬೇಕು ಎಂದು ಮನೆಯವರಿಗೆ ತಿಳಿಸಿ. ಮಲೆನಾಡು, ಕರಾವಳಿ ಕಡೆ ಇದನ್ನು ಹೇಳದೆ ಬರಬೇಡಿ.

ಹೊರಡುವ ಮೊದಲು ಟಿವಿ ಆಫ್ ಮಾಡಿ, ಮನೆಯ ಹಿರಿಯರ ಕೈಗೇ ರಿಮೋಟ್ ಕೊಟ್ಟು, ಸೆಟ್‌ಟಾಪ್ ಬಾಕ್ಸ್‌ನಿಂದ ಸ್ಟಿಕ್‌ಗೆ ಇನ್‌ಪುಟ್ ಬದಲಾಯಿಸಿ ಮತ್ತೆ ವಾಪಸು ತರಲು ಹೇಳಿ. ಅವರಿಗೆ ಬರುವವರೆಗೆ ತೋರಿಸಿಕೊಡಿ. ಯಾವ ಗುಂಡಿ ಒತ್ತಬೇಕೆಂದು ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಟಿವಿಯ ಪಕ್ಕ ಅಂಟಿಸಿ.