ನಮ್ಮ ಕ್ಯಾಟಮರಾನಿಗೆ ಹೊಸ ಎಂಜಿನ್‌ಗಳು: ಮೂರು ತಿಂಗಳ ಲೆಕ್ಕಾಚಾರ

ನಮ್ಮ ಎರಡು ಒಡಲಿನ ಹಾಯಿದೋಣಿಯ, ಎಂದರೆ ಕ್ಯಾಟಮರಾನಿನ, ಎಡಗಡೆಯ ಎಂಜಿನ್ ನಿಂತುಹೋದದ್ದು ಕಿರಿದಾದ ಅಳಿವೆಯ ಬಾಯಲ್ಲಿ. ಇಳಿತದ ನೀರು ರಭಸದಿಂದ ಹೊರಗೆ ನುಗ್ಗುತ್ತಿತ್ತು, ಗಾಳಿಯೂ ಎದುರಿನಿಂದಲೇ ಬೀಸುತ್ತಿತ್ತು, ಹಾಯಿಗಳನ್ನು ಆಗಲೇ ಇಳಿಸಿ ಕಟ್ಟಿದ್ದೆವು. ಬಲಗಡೆಯ ಎಂಜಿನ್ ಒಂದೇ ತಳ್ಳತೊಡಗಿದಾಗ ದೋಣಿಯ ಮೂತಿ ಎಡಕ್ಕೆ ತಿರುಗತೊಡಗಿತು. ನಮ್ಮವರು ಚುಕ್ಕಾಣಿಯನ್ನು ಬಲಕ್ಕೆ ಒತ್ತಿ ಹಿಡಿದು ನಿಂತರು. ನಾನು ಜಿಪಿಎಸ್ ಪರದೆಯನ್ನೇ ನೋಡುತ್ತಿದ್ದೆ: 0.8 ನಾಟ್ (ಗಂಟೆಗೆ ಒಂದೂವರೆ ಕಿಲೋಮೀಟರ್), 0.6 ನಾಟ್, ಮತ್ತೆ 0.8. ಬಲಕ್ಕಿದ್ದ ಬಂಡೆಗಳ ಸಾಲು ದಾಟಲು ನಲವತ್ತು ನಿಮಿಷ ಬೇಕಾಯಿತು. ಒಳಗೆ ಬಂದು ಲಂಗರು ಹಾಕಿದ ಮೇಲೆ ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ಕಂಪ್ರೆಷನ್, ಎಂದರೆ ಸಿಲಿಂಡರ್ ಒಳಗಿನ ಒತ್ತಡ, ಅಳೆದೆವು. ಎರಡು ಸಿಲಿಂಡರ್‌ಗಳ ನಡುವೆ ಶೇಕಡ 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಚಿಂತಿಸಬೇಕು ಎನ್ನುತ್ತಾರೆ. ನಮ್ಮದರಲ್ಲಿ ಕೆಳಗಿನ ಸಿಲಿಂಡರ್ ಮೇಲಿನದಕ್ಕಿಂತ ಮೂರನೇ ಒಂದು ಭಾಗದಷ್ಟು ಕಡಿಮೆ ತೋರಿಸಿತು. ಥರ್ಮೋಸ್ಟಾಟ್ ಮುಚ್ಚಳ ತೆಗೆದರೆ ಒಳಗಿನ ನೀರಿನ ದಾರಿಯಲ್ಲಿ ಉಪ್ಪು ಗಟ್ಟಿಯಾಗಿ ಕೂತಿತ್ತು, ಅಲ್ಯೂಮಿನಿಯಂ ಪುಡಿಪುಡಿಯಾಗಿ ಉದುರುತ್ತಿತ್ತು. ಹದಿನೇಳು ವರ್ಷ ದುಡಿದ ಎಂಜಿನ್ ಅದು. ನನ್ನ ದಿನಚರಿ ಪುಸ್ತಕದ ಪ್ರಕಾರ ಓಡಿದ್ದು 2,900 ಗಂಟೆ. ಪ್ರತಿ ಬಾರಿ ಸಿಹಿನೀರಿನಲ್ಲಿ ತೊಳೆದಿದ್ದರೆ ಇನ್ನಷ್ಟು ವರ್ಷ ಬಾಳುತ್ತಿತ್ತೇನೋ. ಆದರೆ ಲಂಗರಿನ ಮೇಲೆಯೇ ಬದುಕುವವರಿಗೆ ಕುಡಿಯುವ ನೀರೂ ಅಳತೆಯದ್ದೇ ಆಗಿರುತ್ತದೆ.

ಬಲಗಡೆಯದು ಇನ್ನೂ ಓಡುತ್ತಿತ್ತು. ಒಂದನ್ನು ಮಾತ್ರ ಬದಲಾಯಿಸೋಣವೇ ಎಂದು ಒಂದು ವಾರ ಯೋಚಿಸಿ ಬೇಡವೆಂದು ತೀರ್ಮಾನಿಸಿದೆವು. ಎರಡು ಬೇರೆ ಎಂಜಿನ್ ಇದ್ದರೆ ಎರಡು ಬಗೆಯ ಇಂಪೆಲ್ಲರ್ (ತಂಪಿಸುವ ನೀರಿನ ಪಂಪಿನ ಚಕ್ರ), ಎರಡು ಬಗೆಯ ಫಿಲ್ಟರ್, ಎರಡು ಬಗೆಯ ಪ್ರೊಪೆಲ್ಲರ್ ಹೊತ್ತು ತಿರುಗಬೇಕು. ಒಂದೇ ಬಗೆಯವಾದರೆ ತುರ್ತಿನಲ್ಲಿ ಒಂದರ ಭಾಗ ಬಿಚ್ಚಿ ಇನ್ನೊಂದಕ್ಕೆ ಹಾಕಬಹುದು. ಈ ಒಂದು ವಿಷಯದಲ್ಲಿ ನಮಗೆ ಮತ್ತೆ ಅನುಮಾನ ಬರಲಿಲ್ಲ.

ಉಳಿದ ಎಲ್ಲದರಲ್ಲೂ ಬಂತು.

ನಮ್ಮ ದೋಣಿ 34 ಅಡಿ ಉದ್ದ. ನೀರು, ಇಂಧನ, ಸಾಮಾನು ತುಂಬಿದಾಗ ಸುಮಾರು ಐದು ಟನ್. ಎರಡು ಒಡಲುಗಳ ಹಿಂಬದಿಯಲ್ಲೂ ಎಂಜಿನ್ ಕೂರುವ ಗೂಡುಗಳಿವೆ; ಹಾಯಿಯಲ್ಲಿ ಸಾಗುವಾಗ ಎಂಜಿನ್‌ಗಳನ್ನು ನೀರಿನಿಂದ ಮೇಲೆತ್ತುತ್ತೇವೆ. ಹಳೆಯವು ತಲಾ 9.9 ಅಶ್ವಶಕ್ತಿಯವು. ವಿವರಪಟ್ಟಿಗಳನ್ನು ಹರಡಿಕೊಂಡು ಕೂತ ಮೊದಲ ಸಂಜೆಯೇ ನಮ್ಮವರ ಕಣ್ಣು 20 ಅಶ್ವಶಕ್ತಿಯ ಎಂಜಿನ್‌ಗಳ ಮೇಲೆ ಬಿತ್ತು. ಸುಜುಕಿ ಡಿಎಫ್20ಎ 327 ಸಿಸಿ, ಹೋಂಡಾ ಬಿಎಫ್20 350 ಸಿಸಿ. ತೂಕ ನೋಡಿದರೆ 9.9ಕ್ಕಿಂತ ಹೆಚ್ಚೇನೂ ಇಲ್ಲ, ಎಲ್ಲವೂ ಐವತ್ತು ಕಿಲೋ ಆಚೀಚೆ. "ಅದೇ ತೂಕಕ್ಕೆ ಎರಡರಷ್ಟು ಶಕ್ತಿ ಸಿಗುವಾಗ ಕಡಿಮೆಯದನ್ನು ಏಕೆ ಕೊಳ್ಳಬೇಕು?" ಎಂದು ಕೇಳಿದರು. ಅಳಿವೆಯ ಬಾಯಲ್ಲಿ ನಿಂತು ಬಂದವರಿಗೆ ಆ ಪ್ರಶ್ನೆ ಸಹಜ. ನನಗೂ ಅದೇ ಆಸೆ ಹುಟ್ಟಿತ್ತು.

ಆದರೆ ಅಶ್ವಶಕ್ತಿ ಎನ್ನುವುದು ಎಂಜಿನ್ ಮೇಲಿನ ತುದಿಯ ಮಾತು, ದೋಣಿಯನ್ನು ತಳ್ಳುವುದು ಕೆಳಗಿನ ತುದಿ. ಪ್ರೊಪೆಲ್ಲರ್ ನೀರನ್ನು ಹಿಂದಕ್ಕೆ ಎಸೆಯುತ್ತದೆ, ಆ ಎಸೆತದಿಂದ ದೋಣಿ ಮುಂದಕ್ಕೆ ಹೋಗುತ್ತದೆ. ಸ್ವಲ್ಪ ನೀರನ್ನು ಬಹಳ ವೇಗದಲ್ಲಿ ಎಸೆಯಬಹುದು, ಬಹಳ ನೀರನ್ನು ನಿಧಾನವಾಗಿಯೂ ಎಸೆಯಬಹುದು. ಎರಡರಿಂದಲೂ ಅಷ್ಟೇ ತಳ್ಳುವಿಕೆ ಸಿಕ್ಕರೂ ಖರ್ಚು ಒಂದೇ ಅಲ್ಲ. ನೀರಿಗೆ ಕೊಡುವ ಚಲನಶಕ್ತಿ ವೇಗದ ವರ್ಗದಂತೆ ಏರುವುದರಿಂದ ವೇಗದ ಎಸೆತದಲ್ಲಿ ಇಂಧನ ಬರಿಯ ನೊರೆಯಾಗಿ ಹೋಗುತ್ತದೆ. ಹಗುರ ದೋಣಿ ನೀರಿನ ಮೇಲೆ ಹಾರುವಂತೆ ಓಡುವಾಗ ಚಿಕ್ಕ, ವೇಗದ ಪ್ರೊಪೆಲ್ಲರ್ ಸರಿಯೇ. ಐದು ಟನ್ನಿನ ದೋಣಿ ಆರು ನಾಟ್‌ನಲ್ಲಿ ಅಲೆಗೆ ಎದುರಾಗಿ ತೆವಳುವಾಗ ಬೇಕಾದದ್ದು ದೊಡ್ಡ, ನಿಧಾನದ ಪ್ರೊಪೆಲ್ಲರ್. ಸೈಕಲ್ಲಿನಲ್ಲಿ ಏರು ಹತ್ತುವಾಗ ಗೇರ್ ಇಳಿಸುತ್ತೇವಲ್ಲ, ಇದೂ ಹಾಗೆಯೇ.

ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಸಾಮಾನ್ಯ 20 ಅಶ್ವಶಕ್ತಿಯ ಎಂಜಿನ್‌ನಲ್ಲಿ ಗೇರ್ ಅನುಪಾತ 2.08ಕ್ಕೆ 1. ಎಂಜಿನ್ ನಿಮಿಷಕ್ಕೆ 5,000 ಸುತ್ತು ತಿರುಗಿದರೆ ಪ್ರೊಪೆಲ್ಲರ್ ಸುಮಾರು 2,400 ಸುತ್ತು. ಅದರ ಪಿಚ್, ಎಂದರೆ ಜಾರದೆ ತಿರುಗಿದರೆ ಒಂದು ಸುತ್ತಿಗೆ ಮುಂದೆ ಸರಿಯಬೇಕಾದ ದೂರ, 9 ಅಂಗುಲ ಎಂದಿಟ್ಟುಕೊಂಡರೆ ಕಾಗದದ ಮೇಲಿನ ವೇಗ 17.8 ನಾಟ್. ನಮ್ಮ ದೋಣಿ ಆರರಲ್ಲಿ ಹೋಗುತ್ತದೆ. ಹಾಗಾದರೆ ಮೂರರಲ್ಲಿ ಎರಡು ಭಾಗ ಜಾರಾಟ. ಇನ್ನೊಂದು ಕಡೆ ಯಮಾಹಾ ಟಿ9.9 ಎಂಬ ಹೈ-ಥ್ರಸ್ಟ್ (ತಳ್ಳುವ ಬಲ ಹೆಚ್ಚಿರುವ) ಮಾದರಿ ಇದೆ: 212 ಸಿಸಿಯ ಚಿಕ್ಕ ಎಂಜಿನ್, ಆದರೆ ಗೇರ್ ಅನುಪಾತ 2.92ಕ್ಕೆ 1. ಅದೇ 5,000 ಸುತ್ತಿಗೆ ಪ್ರೊಪೆಲ್ಲರ್ 1,712 ಸುತ್ತು ಮಾತ್ರ ತಿರುಗುತ್ತದೆ. 7 ಅಂಗುಲದ ಪಿಚ್ ಇದ್ದರೆ ಕಾಗದದ ಮೇಲಿನ ವೇಗ 9.9 ನಾಟ್. ಆರು ನಾಟ್‌ನಲ್ಲಿ ಜಾರಾಟ ಶೇಕಡ 39.

20ರ ಎಂಜಿನ್‌ಗೂ ಕಡಿಮೆ ಪಿಚ್‌ನ ಪ್ರೊಪೆಲ್ಲರ್ ಹಾಕಬಹುದಲ್ಲ ಎಂದು ನಮ್ಮವರು ವಾದಿಸಿದರು. ಹಾಕಬಹುದು. 7 ಅಂಗುಲದ್ದು ಹಾಕಿ ಲೆಕ್ಕ ಮಾಡಿದರೆ ಜಾರಾಟ ಶೇಕಡ 57ಕ್ಕೆ ಇಳಿಯುತ್ತದೆ. ಆದರೆ ವ್ಯಾಸವನ್ನು ಹಿಗ್ಗಿಸಲು ಬರುವುದಿಲ್ಲ. ಆ ಎಂಜಿನ್‌ನ ಕೆಳಗಿನ ಗೇರ್ ಪೆಟ್ಟಿಗೆಗೂ ಮೇಲಿನ ಅಡ್ಡ ತಟ್ಟೆಗೂ ನಡುವೆ ಹಿಡಿಸುವುದು ಒಂಬತ್ತೂಕಾಲು ಅಂಗುಲದ ಆಸುಪಾಸಿನ ಪ್ರೊಪೆಲ್ಲರ್ ಮಾತ್ರ. ಹೈ-ಥ್ರಸ್ಟ್ ಮಾದರಿಯ ಪ್ರೊಪೆಲ್ಲರ್ ಹತ್ತಿರಹತ್ತಿರ ಹನ್ನೆರಡು ಅಂಗುಲ. ವ್ಯಾಸ ಅಷ್ಟು ಬೆಳೆದರೆ ನೀರನ್ನು ಹಿಡಿಯುವ ವಿಸ್ತೀರ್ಣ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಇಷ್ಟು ಬರೆದು ತೋರಿಸಿದ ಮೇಲೆ ಅವರು ಪೆನ್ಸಿಲ್ ತೆಗೆದುಕೊಂಡು ಎಲ್ಲವನ್ನೂ ಮತ್ತೊಮ್ಮೆ ತಾವೇ ಗುಣಿಸಿದರು. ಅದು ನನಗೆ ಇಷ್ಟವಾಯಿತು. ಎಂಜಿನ್ ಆರಿಸುವಾಗ ಒಬ್ಬರು ಇನ್ನೊಬ್ಬರ ಮಾತನ್ನು ಸುಮ್ಮನೆ ಒಪ್ಪಬಾರದು.

ಔಟ್‌ಬೋರ್ಡ್‌ಗೆಂದೇ, ಎಂದರೆ ನಮ್ಮವುಗಳಂತೆ ನೀರಿನಿಂದ ಮೇಲೆತ್ತಬಹುದಾದ ಎಂಜಿನ್‌ಗೆಂದೇ, ವಿನ್ಯಾಸವಾದ ಕ್ಯಾಟಮರಾನ್‌ಗಳನ್ನು ನೋಡಿದರೂ ಇದೇ ಕಾಣುತ್ತದೆ. ಪಿಡಿಕ್ಯೂ 32, ಸೀವಿಂಡ್ 1000 ಇಂಥ ದೋಣಿಗಳ ಹಿಂದೆ ಇರುವುದು ಎರಡೆರಡು 9.9ರ ಎಂಜಿನ್‌ಗಳೇ.

ಶಾಫ್ಟ್ ಉದ್ದದ, ಎಂದರೆ ನೀರಿಗಿಳಿಯುವ ಎಂಜಿನ್ ಕಾಲಿನ ಉದ್ದದ, ವಿಷಯಕ್ಕೆ ಬರುತ್ತೇನೆ, ಏಕೆಂದರೆ ಹಳೆಯ ಎಂಜಿನ್‌ಗಳಲ್ಲಿ ನಮ್ಮನ್ನು ಅತಿ ಹೆಚ್ಚು ಕಾಡಿದ್ದು ಅದೇ. 15 ಅಂಗುಲ, 20 ಅಂಗುಲ, 25 ಅಂಗುಲ ಎಂದು ಮೂರು ಅಳತೆಗಳಿವೆ. ನಮ್ಮವು 20ರವು. ಶಾಂತ ನೀರಿನಲ್ಲಿ ಅದು ಸಾಕೆನಿಸುತ್ತದೆ. ಎದುರಲೆ ಬಂದಾಗ ದೋಣಿಯ ಮುಂತುದಿ ಕೆಳಗೆ ಬಿದ್ದು ಹಿಂಬದಿ ಮೇಲೇಳುತ್ತದೆ. ಆ ಕ್ಷಣದಲ್ಲಿ ಪ್ರೊಪೆಲ್ಲರ್ ಮೇಲ್ಮೈಗೆ ಬಂದು ನೀರಿನ ಬದಲು ಗಾಳಿಯನ್ನು ಎಳೆದುಕೊಳ್ಳುತ್ತದೆ, ಎಂಜಿನ್ ಕಿರುಚುತ್ತದೆ, ದೋಣಿ ನಿಲ್ಲುತ್ತದೆ. ಮತ್ತೆ ನೀರು ಸಿಕ್ಕಿ ತಳ್ಳತೊಡಗುವಷ್ಟರಲ್ಲಿ ಇನ್ನೊಂದು ಅಲೆ. ಆ ಕಿರುಚಾಟವನ್ನು ಹದಿನೇಳು ವರ್ಷ ಕೇಳಿದ್ದೇನೆ, ನಿದ್ದೆಯಲ್ಲೂ ಗುರುತಿಸುತ್ತೇನೆ. ಅಲೆಯಲ್ಲಿ ಶಕ್ತಿ ಸಾಲದು ಎಂದು ದೂರುವ ಎಷ್ಟೋ ಜನರಿಗೆ ನಿಜವಾಗಿ ಸಾಲದಿರುವುದು ಶಾಫ್ಟ್ ಎಂದು ನನ್ನ ಖಚಿತ ಅಭಿಪ್ರಾಯ.

25 ಅಂಗುಲವೆಂದ ಕೂಡಲೇ ಗೂಡಿನ ಸಮಸ್ಯೆ ಎದ್ದಿತು. ಉದ್ದದ ಕಾಲನ್ನು ಮೇಲೆತ್ತಿದಾಗ ಅದು ಪೂರ್ತಿ ನೀರಿನಿಂದ ಹೊರಗೆ ಬರುತ್ತದೆಯೇ? ಎಂಜಿನ್ ತಲೆ ಮುಂದಕ್ಕೆ ವಾಲಿದಾಗ ಮುಚ್ಚಳಕ್ಕೆ ತಗಲುತ್ತದೆಯೇ? ವಿವರಪಟ್ಟಿಯ ಚಿತ್ರದಿಂದ ಅಳತೆಗಳನ್ನು ತೆಗೆದು ರಟ್ಟಿನಲ್ಲಿ ಪೂರ್ಣ ಗಾತ್ರದ ಅಡ್ಡನೋಟವನ್ನು ಕತ್ತರಿಸಿದೆವು. ಎತ್ತುವ ಕೀಲಿನ ಜಾಗದಲ್ಲಿ ಮೊಳೆ ಚುಚ್ಚಿ ಗೂಡಿನೊಳಗೆ ತಿರುಗಿಸಿ ನೋಡಿದೆವು. ಮುಚ್ಚಳಕ್ಕೆ ಎರಡು ಬೆರಳಿನಷ್ಟು ತಗಲಿತು. ಪಕ್ಕದಲ್ಲಿ ಲಂಗರು ಹಾಕಿದ್ದವರು ಬಂದು ನೋಡಿ, ತಮ್ಮ ಹೊಸ ಎಂಜಿನ್‌ಗಳು ಬಂದಿಳಿದ ಮೇಲಷ್ಟೇ ಇದು ಗೊತ್ತಾಯಿತೆಂದೂ ಗೂಡನ್ನೇ ಕೊಯ್ದು ಕಟ್ಟಬೇಕಾಯಿತೆಂದೂ ಹೇಳಿದರು. ನಮಗೆ ಮುಚ್ಚಳದ ಅಂಚನ್ನು ಎತ್ತರಿಸಿದರೆ ಸಾಕಾಯಿತು. ಆ ರಟ್ಟಿನ ತುಂಡನ್ನು ಇನ್ನೂ ಎಸೆದಿಲ್ಲ.

ವಿದ್ಯುತ್ ಮೋಟಾರ್ ಬಗ್ಗೆ ನನಗೆ ಬಹಳ ಮನಸ್ಸಿತ್ತು, ಈಗಲೂ ಇದೆ. ಸದ್ದಿಲ್ಲ, ವಾಸನೆಯಿಲ್ಲ, ನಿಧಾನದ ದೊಡ್ಡ ಪ್ರೊಪೆಲ್ಲರ್ ಅದಕ್ಕೆ ಸಹಜ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ತಳದಲ್ಲಿ ಕೂತು ಒಂದು ಕಿಡಿಗೆ ಕಾಯುತ್ತದೆ. ಆ ಭಯವೂ ಇರುವುದಿಲ್ಲ. ಆದರೆ ಹತ್ತು ಲೀಟರ್ ಪೆಟ್ರೋಲಿನಲ್ಲಿ ಸುಮಾರು 90 ಕಿಲೋವಾಟ್-ಗಂಟೆ ಶಕ್ತಿ ಇದೆ. ಎಂಜಿನ್ ಅದರ ಐದನೇ ಒಂದು ಭಾಗವನ್ನಷ್ಟೇ ಶಾಫ್ಟಿಗೆ ಕೊಟ್ಟರೂ 18 ಆಯಿತು. ಅಷ್ಟನ್ನು ಲಿಥಿಯಂ ಫಾಸ್ಫೇಟ್ ಬ್ಯಾಟರಿಯಲ್ಲಿ ಹೊರಲು ಇನ್ನೂರು ಕಿಲೋ ಹತ್ತಿರ ತೂಕ ಬೇಕು. ಹತ್ತು ಲೀಟರ್ ಪೆಟ್ರೋಲ್ ಏಳೂವರೆ ಕಿಲೋ. ಕ್ಯಾಟಮರಾನ್ ಎಲ್ಲವನ್ನೂ ಕ್ಷಮಿಸುತ್ತದೆ, ತೂಕವನ್ನು ಮಾತ್ರ ಕ್ಷಮಿಸುವುದಿಲ್ಲ. ಸಂಜೆ ಜೆಟ್ಟಿಗೆ ಮರಳಿ ಚಾರ್ಜ್ ಮಾಡುವವರಾಗಿದ್ದರೆ ನಾನು ಎರಡನೆಯ ಯೋಚನೆಯಿಲ್ಲದೆ ವಿದ್ಯುತ್ತನ್ನೇ ಆರಿಸುತ್ತಿದ್ದೆ. ಗಾಳಿ ಸತ್ತ ಎರಡು ದಿನ ತೆರೆದ ಸಮುದ್ರದಲ್ಲಿ ಸಾಗಬೇಕಾದ ನಮಗೆ ಅದು ಇನ್ನೂ ಎಟುಕದು.

ಕಾರ್ಬ್ಯುರೇಟರ್ ಕುರಿತು ನನಗೆ ಈಗಲೂ ಪೂರ್ತಿ ಸಮಾಧಾನವಿಲ್ಲ. ಸುಜುಕಿಯ ಆ 20ರಲ್ಲಿ ಬ್ಯಾಟರಿ ಇಲ್ಲದೆಯೂ ಕೆಲಸ ಮಾಡುವ ಇಂಧನ ಇಂಜೆಕ್ಷನ್ ಇದೆ, ಹಗ್ಗ ಎಳೆದರೆ ಸಾಕು. ನಾವು ನೋಡಿದ ಹೈ-ಥ್ರಸ್ಟ್ ಮಾದರಿಯಲ್ಲಿ ಇದ್ದದ್ದು ಕಾರ್ಬ್ಯುರೇಟರ್. ಎಥನಾಲ್ ಬೆರೆತ ಪೆಟ್ರೋಲ್ ನೀರನ್ನು ಹೀರಿಕೊಳ್ಳುತ್ತದೆ. ಕೆಲವು ವಾರ ಓಡಿಸದೆ ಬಿಟ್ಟರೆ ಸಣ್ಣ ಜೆಟ್‌ಗಳಲ್ಲಿ ಅಂಟು ಕಟ್ಟುತ್ತದೆ. ಅದಕ್ಕಾಗಿ ಈಗ ನೀರು ಬೇರ್ಪಡಿಸುವ ಫಿಲ್ಟರ್ ಒಂದೊಂದನ್ನು ಕೂರಿಸಿದ್ದೇವೆ. ನಿಲ್ಲಿಸುವ ಮುನ್ನ ಇಂಧನದ ಕೊಳವೆ ಕಳಚಿ ಕಾರ್ಬ್ಯುರೇಟರ್ ಖಾಲಿಯಾಗುವವರೆಗೆ ಓಡಿಸುತ್ತೇವೆ. ಇದು ನಾನು ಒಪ್ಪಿಕೊಂಡು ಹೊತ್ತ ಹೊರೆ. ಕೆಟ್ಟರೆ ಬಿಚ್ಚಿ ತೊಳೆದು ಮತ್ತೆ ಜೋಡಿಸಲು ನನ್ನ ಕೈಗೆ ಬರುತ್ತದೆ ಎಂಬ ಧೈರ್ಯದಿಂದ ಹೊತ್ತೆ.

ಚಾರ್ಜಿಂಗ್ ಸಾಮರ್ಥ್ಯಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ, ಸೌರಫಲಕಗಳಿವೆ. ಎಲೆಕ್ಟ್ರಿಕ್ ಸ್ಟಾರ್ಟ್ ಜೊತೆಗೆ ಕೈಯಿಂದ ಎಳೆಯುವ ಹಗ್ಗವೂ ಇರಲೇಬೇಕೆಂದು ಮಾತ್ರ ಪಟ್ಟು ಹಿಡಿದೆ.

ಅಂತೂ ಟಿ9.9, 25 ಅಂಗುಲದ ಶಾಫ್ಟ್, ಎರಡು. ಕೂರಿಸಲು ಮೂರು ದಿನ ಹಿಡಿಯಿತು. ಹಳೆಯ ಥ್ರಾಟಲ್ (ಎಂಜಿನ್ ವೇಗ ಏರಿಸುವ) ಕೇಬಲ್ ಎಳೆದಾಗ ತೆರೆಯುತ್ತಿತ್ತು, ಹೊಸ ಎಂಜಿನ್‌ಗೆ ತಳ್ಳಿದಾಗ ತೆರೆಯಬೇಕಿತ್ತು. ನಿಯಂತ್ರಣ ಪೆಟ್ಟಿಗೆಯನ್ನೂ ಬದಲಾಯಿಸಬೇಕಾಗಿ ಬಂತು. ಎಂಜಿನ್ ಬದಲಿಸುವವರು ಪೆಟ್ಟಿಗೆ, ಕೇಬಲ್, ಮೀಟರುಗಳನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಲಿ.

ಮೊದಲ ಹತ್ತು ಗಂಟೆ ಹೆಚ್ಚು ಒತ್ತಡ ಹಾಕದೆ ಓಡಿಸಿ, ಆಮೇಲೆ ಟ್ಯಾಂಕುಗಳನ್ನು ತುಂಬಿ, ದೋಣಿ ಅತಿ ಭಾರವಾಗಿದ್ದ ದಿನ ಪೂರ್ತಿ ಥ್ರಾಟಲ್ ಕೊಟ್ಟು ನೋಡಿದೆವು. ಎಂಜಿನ್ 5,000ದಿಂದ 6,000 ಸುತ್ತಿನ ನಡುವೆ ತಿರುಗಬೇಕು. ನಮ್ಮದು 4,700ರಲ್ಲಿ ಉಸಿರುಗಟ್ಟಿದಂತೆ ನಿಂತಿತು. ಇದನ್ನು ಕಡೆಗಣಿಸುವವರಿದ್ದಾರೆ, ಹಾಗೆ ಭಾರ ಹೊತ್ತೇ ವರ್ಷಗಟ್ಟಲೆ ಓಡುವ ಎಂಜಿನ್ ಒಳಗೇ ಬೇಯುತ್ತದೆ. ಪಿಚ್ ಒಂದು ಅಂಗುಲ ಕಡಿಮೆಯಿರುವ ಪ್ರೊಪೆಲ್ಲರ್ ಹಾಕಿದ ಮೇಲೆ 5,300ಕ್ಕೆ ಏರಿತು. ತೆಗೆದ ಎರಡನ್ನು ಬಿಡಿಭಾಗಗಳ ಪೆಟ್ಟಿಗೆಯಲ್ಲಿಟ್ಟಿದ್ದೇವೆ.

ಈಗ ಶಾಂತ ನೀರಿನಲ್ಲಿ ಒಂದೇ ಎಂಜಿನ್‌ನಲ್ಲಿ ಐದು ನಾಟ್, ಗಂಟೆಗೆ ಎರಡು ಲೀಟರ್. ಎರಡನ್ನೂ ಓಡಿಸಿದರೆ ಆರೂಕಾಲು ನಾಟ್, ನಾಲ್ಕೂವರೆ ಲೀಟರ್. ಹಾಗಾಗಿ ದೂರದ ದಾರಿಯಲ್ಲಿ ಒಂದನ್ನು ಮೇಲೆತ್ತಿ ಇನ್ನೊಂದರಲ್ಲೇ ಸಾಗುತ್ತೇವೆ, ಆರು ಗಂಟೆಗೊಮ್ಮೆ ಬದಲಾಯಿಸುತ್ತೇವೆ. ಹಿಂದಕ್ಕೆ ಚಲಿಸುವಾಗಿನ ಬಲವಂತೂ ನನಗೆ ಹೊಸ ಅನುಭವ. ಈ ಪ್ರೊಪೆಲ್ಲರ್ ಹಿಮ್ಮುಖವಾಗಿ ತಿರುಗುವಾಗ ಹೊಗೆ ಅಲಗುಗಳಿಗೆ ನುಗ್ಗದೆ ಬೇರೆ ದಾರಿಯಿಂದ ಹೊರಹೋಗುತ್ತದೆ, ಅಲಗುಗಳಿಗೆ ಗುಳ್ಳೆಯಿಲ್ಲದ ನೀರು ಸಿಗುತ್ತದೆ. ಒಂದನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಹಾಕಿ ದೋಣಿಯನ್ನು ನಿಂತಲ್ಲೇ ಪೂರ್ತಿ ಒಂದು ಸುತ್ತು ತಿರುಗಿಸಿದೆ.

ಕಳೆದ ವಾರ ಅದೇ ಅಳಿವೆಗೆ ಹೋದೆವು. ಇಳಿತದ ಹೊತ್ತನ್ನೇ ಬೇಕೆಂದು ಆರಿಸಿಕೊಂಡಿದ್ದೆವು, ಗಾಳಿಯೂ ಎದುರಿಗೇ ಇತ್ತು. ಈ ಸಲ ಚುಕ್ಕಾಣಿ ನನ್ನ ಕೈಯಲ್ಲಿ. ಬಂಡೆಗಳ ಸಾಲಿನ ಪಕ್ಕದಲ್ಲಿ ಎಡಗಡೆಯ ಎಂಜಿನ್ ನಿಲ್ಲಿಸಲು ನಮ್ಮವರಿಗೆ ಹೇಳಿದೆ. ಅವರು ಒಮ್ಮೆ ನನ್ನ ಮುಖ ನೋಡಿ, ಕೀಲಿ ತಿರುಗಿಸಿದರು. ಅಲೆ ಹಿಂಬದಿಯನ್ನು ಎತ್ತಿತು, ಇಳಿಸಿತು, ಮತ್ತೆ ಎತ್ತಿತು. ಬಲಗಡೆಯ ಎಂಜಿನ್ ಒಮ್ಮೆಯೂ ಕಿರುಚಲಿಲ್ಲ. ಪರದೆಯ ಮೇಲೆ 2.3 ನಾಟ್ ಇತ್ತು. ದಿನಚರಿಯಲ್ಲಿ ಅದನ್ನು ಬರೆದು, ಕೆಳಗೆ ಎಂಜಿನ್ ಗಂಟೆ 19 ಎಂದು ಗುರುತು ಹಾಕಿದೆ. ಇಪ್ಪತ್ತು ತುಂಬಿದ ಕೂಡಲೇ ಮೊದಲ ಆಯಿಲ್ ಬದಲಿಸಬೇಕು.